ಬಂದೂಕಿನ ಮೂತಿ ಯಾವ ಕಡೆಗೆ?

ತಕರಾರೆಲ್ಲ ಶುರುವಾದದ್ದು ಬಂದೂಕಿನ ಮೂತಿಯಿಂದ.

ಸ್ಮಾರಕದ ಸಿಪಾಯಿ ತಲೆ ಬಗ್ಗಿಸಿ, ಬಂದೂಕನ್ನು ತಲೆಕೆಳಗಾಗಿ ಹಿಡಿದು ನಿಲ್ಲಬೇಕು, ಸತ್ತವರಿಗೆ ಸೈನ್ಯ ಮರ್ಯಾದೆ ಕೊಡುವುದೇ ಹಾಗೆ ಎಂದು ಮಿಲಿಟರಿ ಮಾವ ಬಡಾವಣೆಯ ಸಂಘದ ಸಭೆಯಲ್ಲಿ ಹೇಳಿದ್ದ. ಹೇಳಿದ್ದಷ್ಟೇ ಬಂತು.

"ತಲೆ ತಗ್ಗಿಸಿದ್ರೆ ಸೋತು ಬಂದವನ ಹಾಗೆ ಕಾಣ್ತಾನೆ ಕಣ್ರೀ," ಅಂದರು ಅಧ್ಯಕ್ಷರು. "ಬಂದೂಕು ಎದುರಿಗೆ ಚಾಚಿರ್ಬೇಕು. ನೋಡಿದವರ ಎದೆ ಝಲ್ ಅನ್ಬೇಕು."

ಅಧ್ಯಕ್ಷರಿಗೆ ಮೊಳೆ, ಬೀಗ, ಬಣ್ಣ, ಸಿಮೆಂಟು ಮಾರುವ ಅಂಗಡಿಯಿತ್ತು. ಆದ್ದರಿಂದ ಕಟ್ಟಡ, ಶಿಲ್ಪ, ಯುದ್ಧ ಎಲ್ಲದರಲ್ಲೂ ಅವರ ಮಾತೇ ಕೊನೆಯ ಮಾತು. ಸಭೆ ಚಪ್ಪಾಳೆ ತಟ್ಟಿತು. ಮಾವನೂ ತಟ್ಟಿದ. ಬಡವನ ಕೋಪ ದವಡೆಗೆ ಮೂಲ ಎಂಬುದು ಅವನಿಗೆ ಸೈನ್ಯದಲ್ಲೇ ತಿಳಿದುಹೋಗಿತ್ತು.

ಮಾವ ಸೈನ್ಯದಲ್ಲಿ ಲಾರಿ ಓಡಿಸುತ್ತಿದ್ದವನು. ನಿವೃತ್ತನಾಗಿ ಬಂದ ಮೇಲೆ ಅವನನ್ನು ಚಿಕ್ಕವರು, ದೊಡ್ಡವರು, ಅವನಿಗಿಂತ ವಯಸ್ಸಾದವರು ಕೂಡ ಮಾವ ಎಂದೇ ಕರೆಯುತ್ತಿದ್ದರು. ಅವನ ಜೊತೆಗೇ ಸೈನ್ಯ ಸೇರಿದ್ದ ಗೆಳೆಯನೊಬ್ಬ ಯುದ್ಧದಲ್ಲಿ ತೀರಿಕೊಂಡಿದ್ದ. ಹೆಣವೂ ಸಿಕ್ಕಿರಲಿಲ್ಲ. ಗೆಳೆಯನ ತಾಯಿ ಇನ್ನೂ ಇದ್ದಳು. ಮಾವ ನೋಡಲು ಹೋದಾಗಲೆಲ್ಲ ಅವಳದು ಒಂದೇ ಮಾತು: "ಅವನ ಮುಖ ಮರೆತುಹೋಗ್ತಾ ಇದೆ ಕಣೋ. ಕಣ್ಣು ಮುಚ್ಚೋದ್ರೊಳಗೆ ಒಂದು ಸಲ ನೋಡ್ಬೇಕು." ಉಳಿದಿದ್ದದ್ದು ಇಬ್ಬರೂ ಒಟ್ಟಿಗೆ ನಿಂತು ತೆಗೆಸಿಕೊಂಡ ಒಂದೇ ಒಂದು ಫೋಟೋ. ಅದರಲ್ಲಿ ಮುಖ ಬಟಾಣಿ ಕಾಳಿನಷ್ಟು. ಮುದುಕಿಯ ಕಣ್ಣಿಗೆ ಅದೆಲ್ಲಿ ಕಾಣಬೇಕು?

ಅದಕ್ಕೇ ಬಡಾವಣೆಯಲ್ಲಿ ಮಡಿದ ಯೋಧರಿಗೊಂದು ಸ್ಮಾರಕ ಎಂಬ ಮಾತು ಹುಟ್ಟಿದಾಗ ಮಾವ ಹಗಲಿರುಳು ಓಡಾಡಿದ. ಸಿಪಾಯಿಗೆ ಗೆಳೆಯನ ಮುಖವನ್ನೇ ಕೊಡಬೇಕು ಎಂದು ಕಂಡಕಂಡವರ ಕೈಕಾಲು ಹಿಡಿದು ಒಪ್ಪಿಸಿದ. ಫೋಟೋವನ್ನು ಅಧ್ಯಕ್ಷರ ಕೈಗೆ ಕೊಟ್ಟ. ಅವರು ಅದನ್ನು ಬೇರೆ ಊರಿನ ಶಿಲ್ಪಿಗೆ ಕಳಿಸಿದರು. ಈ ದಿನ ಸಂಜೆ ಅನಾವರಣ. ಹಗ್ಗ ಎಳೆಯುವವಳು ಗೆಳೆಯನ ತಾಯಿ.

ಬೆಳಗ್ಗೆ ಪ್ರತಿಮೆ ಬಂದಿಳಿಯಿತು. ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ ಸುತ್ತಿ ಹಗ್ಗ ಬಿಗಿದಿದ್ದರು. ಬಂದೂಕಿನ ಮೂತಿ ಮಾತ್ರ, ಗಿಡ್ಡ ಹೊದಿಕೆಯಿಂದ ಕಾಲು ಹೊರಬಿದ್ದ ಹಾಗೆ, ಮುಂದಕ್ಕೆ ಚಾಚಿಕೊಂಡಿತ್ತು. ನಾಲ್ಕು ರಸ್ತೆ ಕೂಡುವಲ್ಲಿ ಕಟ್ಟೆ ಸಿದ್ಧವಾಗಿತ್ತು. ಪ್ರತಿಮೆಯ ಬುಡದ ಕಬ್ಬಿಣದ ಸಲಾಕೆಯನ್ನು ಕಟ್ಟೆಯ ಗುಂಡಿಗೆ ಇಳಿಸಿ, ಸುತ್ತ ಸಿಮೆಂಟು ಸುರಿದರೆ ಕೆಲಸ ಮುಗಿಯಿತು. ಆಳುಗಳು ಎತ್ತಿ ನಿಲ್ಲಿಸಿದರು. ಮಾವ ಮೆಲ್ಲಗೆ ಏಣಿ ಹತ್ತಿ ಮುಖದ ಮೇಲಿನ ಬಟ್ಟೆಗೆ ಕೈ ಹಾಕಿದ.

"ಏ ಏ ಏ!" ಅಧ್ಯಕ್ಷರು ಕೂಗಿದರು. "ಶಿಸ್ತು ಎಲ್ಲಿ ಹೋಯ್ತ್ರೀ?"

"ಮುಖ ಸರಿಯಾಗಿ ಬಂದಿದೆಯಾ ಅಂತ ಒಂಚೂರು…"

"ಫೋಟೋ ಕಳಿಸಿದವನು ನಾನು, ಶಿಲ್ಪಿನ ಗೊತ್ತು ಮಾಡಿದವನು ನಾನು. ಮುಂಚೇನೇ ನೋಡ್ಬಿಟ್ರೆ ಆಮೇಲೆ ಅನಾವರಣ ಏನು ಬಂತು? ಇಳೀರಿ ಕೆಳಗೆ."

ಮಾವ ಇಳಿದ. ಕಾಲು ನೆಲಕ್ಕೆ ತಾಗುವಷ್ಟರಲ್ಲಿ ಎದುರಿನ ಕ್ಲಿನಿಕ್ಕಿನಿಂದ ಹಲ್ಲಿನ ಡಾಕ್ಟರು ಕೈಗವಸಿನಲ್ಲೇ ಓಡಿಬಂದರು.

"ಏನ್ರೀ ಇದು? ನಮ್ಮಲ್ಲಿಗೆ ಬರೋರು ಮೊದಲೇ ಹೆದರಿ ಬಂದಿರ್ತಾರೆ. ಕುರ್ಚಿ ಮೇಲೆ ಒರಗಿ ಬಾಯಿ ತೆಗೆದ್ರೆ ಕಿಟಕೀಲಿ ಸೀದಾ ಬಂದೂಕು! ಈಗ ಒಬ್ಬ ಅರ್ಧ ಕಿತ್ತ ಹಲ್ಲಿನ ಸಮೇತ ಎದ್ದು ಓಡಿಹೋದ!"

ಓಡಿಹೋದವನು ಅಂಗಡಿ ಸಾಲಿನ ಮುಂದೆ ದವಡೆ ಹಿಡಿದು ನಿಂತಿದ್ದ. ಸಾಕ್ಷಿ ಕಣ್ಣೆದುರಿಗೇ ಇರುವಾಗ ವಾದ ಮಾಡುವುದೇನು? ಮಾವ ಆಳುಗಳನ್ನು ಕೂಗಿದ. ಅವರು ಉಸ್ಸೆಂದು ಸಿಪಾಯಿಯನ್ನು ಬಲಕ್ಕೆ ತಿರುಗಿಸಿದರು. ಮೇಸ್ತ್ರಿ ಸಿಮೆಂಟು ಕಲಸಲು ಕೂತ.

ಬಲಗಡೆಯಲ್ಲಿ ಟೀಚರಮ್ಮನ ಮನೆ. ಟೀಚರಮ್ಮ ನಿವೃತ್ತರಾಗಿದ್ದರೂ ಅವರ ದನಿ ಇನ್ನೂ ನಿವೃತ್ತಿಯಾಗಿರಲಿಲ್ಲ.

"ಮಾವಾ! ಇಲ್ಲಿ ಬನ್ನಿ. ಆ ಗನ್ನು ಎಲ್ಲಿಗೆ ನೋಡ್ತಿದೆ ಸ್ವಲ್ಪ ಹೇಳಿ?"

"ನಿಮ್ಮ ಮನೆ ಕಡೆ, ಟೀಚರಮ್ಮ."

"ಮನೇಲಿ ಎಲ್ಲಿಗೆ?"

ಮಾವ ಬಂದೂಕಿನ ನೇರಕ್ಕೆ ಕಣ್ಣು ಹಾಯಿಸಿದ. ಅದು ಬಚ್ಚಲಮನೆಯ ಕಿಟಕಿ.

"ಅದು ಬರೀ ಸಿಮೆಂಟಿನ ಗೊಂಬೆ, ಟೀಚರಮ್ಮ."

"ಸಿಮೆಂಟಾದ್ರೇನು, ಗಂಡಸು ಗಂಡಸೇ! ಇಪ್ಪತ್ನಾಲ್ಕು ಗಂಟೆ ಕಣ್ಣು ಬಿಟ್ಕೊಂಡು ನಿಂತಿರ್ತಾನೆ. ನನ್ನ ಸೊಸೆ ಸ್ನಾನ ಮಾಡ್ಬೇಕೋ ಬೇಡ್ವೋ?"

ಸಿಪಾಯಿ ಮತ್ತೆ ತಿರುಗಿದ. ಕಲಸಿದ ಸಿಮೆಂಟು ಗಟ್ಟಿಯಾಗಿಹೋಗಿದ್ದರಿಂದ ಮೇಸ್ತ್ರಿ ಅದನ್ನು ಬೈಯುತ್ತ ಚರಂಡಿ ಪಕ್ಕಕ್ಕೆ ಚೆಲ್ಲಿ ಹೊಸದು ಕಲಸಿದ. ಈಗ ಗುರಿ ಅಧ್ಯಕ್ಷರ ಅಂಗಡಿಯತ್ತ. ನೋಡಿದವರ ಎದೆ ಝಲ್ ಅನ್ನಬೇಕು ಎಂದಿದ್ದ ಅಧ್ಯಕ್ಷರ ಎದೆಯೇ ಮೊದಲು ಝಲ್ ಅಂದಿತು.

"ಮಾವ, ಗಲ್ಲಾ ಪೆಟ್ಟಿಗೆಗೆ ನೇರ ಇದೆಯಲ್ರೀ! ಅಂಗಡಿ ದೋಚೋಕೆ ಬಂದವನ ಹಾಗೆ ಕಾಣ್ತಾನೆ. ಗಿರಾಕಿಗಳು ಒಳಗೆ ಬರ್ತಾರಾ?"

"ನೀವೇ ಅಲ್ವಾ ಚಾಚಿರ್ಬೇಕು ಅಂದದ್ದು?"

"ಚಾಚಿರ್ಬೇಕು ಅಂದೆ. ನನ್ನ ಕಡೆಗೆ ಅಂದ್ನಾ?"

ಮಧ್ಯಾಹ್ನದ ಬಿಸಿಲು ನೆತ್ತಿ ಸುಡುತ್ತಿತ್ತು. ಒಂದಿಷ್ಟು ಓರೆ ಮಾಡಿ ಎರಡು ರಸ್ತೆಗಳ ನಡುವೆ ನಿಲ್ಲಿಸೋಣ ಎಂದು ನೋಡಿದರೆ ಅಲ್ಲಿ ಬಸ್ಸಿಗೆ ಕಾಯುವವರು ನಿಲ್ಲುವ ಜಾಗ. ಬಂದೂಕು ತಮ್ಮ ಕಡೆಗೆ ತಿರುಗುತ್ತಿದ್ದ ಹಾಗೇ ಸಾಲು ಎರಡು ಭಾಗವಾಯಿತು. ಆಕಾಶಕ್ಕೆ ಎತ್ತಿಬಿಡಿ ಎಂದೊಬ್ಬ ಸಲಹೆ ಕೊಟ್ಟ. ಬಂದೂಕು ಕಿತ್ತು ಕೊಡೆ ಹಿಡಿಸಿ, ಮಳೆಗಾಲಕ್ಕೂ ಆಗುತ್ತದೆ ಎಂದ ಇನ್ನೊಬ್ಬ. ಸಲಹೆಗಳಿಗೆ ಬರವಿರಲಿಲ್ಲ. ಸಿಪಾಯಿಯನ್ನು ಹಿಡಿದು ತಿರುಗಿಸಿ ಆಳುಗಳ ಸೊಂಟ ಬಿದ್ದುಹೋಯಿತು. ಯುದ್ಧದಲ್ಲಿ ಕೂಡ ಯಾವ ಸಿಪಾಯಿಯೂ ಒಂದೇ ದಿನದಲ್ಲಿ ಇಷ್ಟು ದಿಕ್ಕಿಗೆ ಹೋರಾಡಿರಲಾರ.

"ಇದೇ ಕೊನೆ ಸಿಮೆಂಟು," ಅಂದ ಮೇಸ್ತ್ರಿ. "ಇದು ಗಟ್ಟಿಯಾಗೋದ್ರೊಳಗೆ ದಿಕ್ಕು ಹೇಳಿ ಮಾವ. ಇಲ್ಲಾಂದ್ರೆ ಸಂಜೆಗೆ ನೀವೇ ತಬ್ಕೊಂಡು ನಿಂತಿರ್ಬೇಕಾಗುತ್ತೆ."

ಉಳಿದದ್ದು ಒಂದೇ ದಿಕ್ಕು. ಅಲ್ಲಿದ್ದದ್ದು ಮಾವನ ಮನೆ.

"ನಿಮ್ಮ ಮನೆ ಕಡೆಗೇ ಇರ್ಲಿ ಬಿಡಿ," ಅಂದರು ಡಾಕ್ಟರು ಬಹಳ ಉದಾರವಾಗಿ. "ನಿಮಗೆ ಬಂದೂಕು ಹೊಸದಾ?"

ಮಾವನ ಹೆಂಡತಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದಳು.

"ರೀ, ನೀವು ಸೈನ್ಯದಲ್ಲಿದ್ದಷ್ಟು ದಿನ ಆ ಬಂದೂಕಿಗೆ ಹೆದರಿ ಹೆದರಿ ನಿದ್ದೆ ಕೆಟ್ಟೆ. ಈಗ ಮನೆ ಬಾಗಿಲಿಗೇ ತಂದು ನಿಲ್ಲಿಸ್ತೀರಾ? ಬೆಳಗೆದ್ದು ಕದ ತೆಗೆದ್ರೆ ಅದರ ಮುಖ ನೋಡ್ಬೇಕಾ?"

"ಅವನ ಮುಖ ಅಲ್ವೇನೇ," ಅಂದ ಮಾವ. "ದಿನಾ ನೋಡ್ಬೋದು. ಅವರಮ್ಮ ಬಂದ್ರೆ ನಮ್ಮ ಮೆಟ್ಟಿಲ ಮೇಲೆ ಕೂತ್ಕೊಂಡು ಎಷ್ಟು ಹೊತ್ತು ಬೇಕಾದ್ರೂ ನೋಡ್ಲಿ."

"ಊರಿಗೆ ಉಪಕಾರಿ, ಮನೆಗೆ ಮಾರಿ," ಎಂದು ಅವಳು ಕದ ಹಾಕಿಕೊಂಡಳು. ಆದರೂ ಸಂಜೆಯೊಳಗೆ ಮುದುಕಿಗೆ ಕೂರಲು ಮೆಟ್ಟಿಲ ಮೇಲೊಂದು ದಿಂಬು ಇಟ್ಟಿದ್ದಳು.

ಸಿಪಾಯಿ ಮಾವನ ಮನೆಗೆ ಗುರಿಯಿಟ್ಟು ನಿಂತ. ಸಿಮೆಂಟು ಬಿತ್ತು. ಬೆಳಗಿನಿಂದ ಒಂದು ಲೋಟ ನೀರೂ ಕುಡಿಯದಿದ್ದ ಮಾವ ಕಟ್ಟೆಗೆ ಒರಗಿ, ಬಟ್ಟೆ ಸುತ್ತಿದ ಆ ಕಾಲನ್ನು ಒಂದು ಸಲ ತಟ್ಟಿದ.

ಸಂಜೆ ಬಡಾವಣೆಯೆಲ್ಲ ಸೇರಿತು. ಶಿಲ್ಪಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ. ಅಧ್ಯಕ್ಷರು ಮೈಕು ಹಿಡಿದು ತ್ಯಾಗದ ಬಗ್ಗೆ ಮಾತಾಡಿದರು. ಮಾತು ಮುಗಿಯುವ ಲಕ್ಷಣವೇ ಇರಲಿಲ್ಲ. ಗೆಳೆಯನ ತಾಯಿ ದಿಂಬಿನ ಮೇಲೆ ಕೂತು ಆ ಬಿಳಿ ಬಟ್ಟೆಯಿಂದ ಕಣ್ಣು ಕೀಳದೆ ಮಾವನ ಕೈ ಬಿಗಿಯಾಗಿ ಹಿಡಿದಿದ್ದಳು.

"ನನ್ನ ಗುರುತು ಹಿಡೀತಾನೇನೋ ಅವನು? ನಾನೂ ಮುದುಕಿ ಆಗ್ಬಿಟ್ಟೆ," ಅಂದಳು.

ಕೊನೆಗೆ ಕರೆ ಬಂತು. ಮಾವ ಅವಳನ್ನು ಎಬ್ಬಿಸಿ ಮೆಲ್ಲಗೆ ಕಟ್ಟೆಯ ಹತ್ತಿರ ನಡೆಸಿಕೊಂಡು ಹೋದ. ಅವಳು ಹಗ್ಗ ಎಳೆದಳು. ಬಟ್ಟೆ ಜಾರಿ ಬಿತ್ತು. ಚಪ್ಪಾಳೆ ಮೊಳಗಿತು. ಮುದುಕಿ ಕತ್ತೆತ್ತಿ, ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. ಆಮೇಲೆ ಮಾವನ ಕಡೆಗೆ ತಿರುಗಿದಳು. ಮತ್ತೆ ಮೇಲಕ್ಕೆ ನೋಡಿದಳು.

"ಇದು ನೀನಲ್ವೇನೋ?"

ಮಾವ ತಲೆಯೆತ್ತಿದ. ಅವನದೇ ಮೂಗು. ಒಂದು ಕಡೆ ತುಸು ಮೇಲಕ್ಕೆದ್ದ ಅವನದೇ ಹುಬ್ಬು. ಮದುವೆಗೆ ಮುಂಚೆ ಬಿಟ್ಟಿದ್ದ ಅವನದೇ ಮೀಸೆ. ಕಲ್ಲಿನ ಹಾಗೆ ನಿಂತ ತನ್ನನ್ನು ಸಿಮೆಂಟಿನ ತಾನು ಮೇಲಿನಿಂದ ನೋಡುತ್ತಿದ್ದ.

ಶಿಲ್ಪಿ ಹೆಮ್ಮೆಯಿಂದ ಮುಂದೆ ಬಂದ. "ಹೋಲಿಕೆ ಹೇಗಿದೆ ಸಾರ್? ಆ ಇನ್ನೊಬ್ಬರ ಮುಖಕ್ಕೆ ಟೋಪಿ ನೆರಳು ಬಿದ್ದಿತ್ತು, ಕಣ್ಣೆಲ್ಲಿ ಬಾಯೆಲ್ಲಿ ಅಂತಾನೇ ಗೊತ್ತಾಗ್ತಿರ್ಲಿಲ್ಲ. ಅಧ್ಯಕ್ಷರಿಗೆ ಫೋನ್ ಮಾಡಿದೆ. ಪಕ್ಕದವನ ಮುಖ ಸ್ಪಷ್ಟವಾಗಿದ್ರೆ ಅದನ್ನೇ ಮಾಡಿ, ಸಿಪಾಯಿ ಅಂದ್ರೆ ಸಿಪಾಯಿ ಅಂದ್ರು."

ಅಧ್ಯಕ್ಷರು ಮೈಕಿನಲ್ಲೇ ಕೆಮ್ಮಿದರು. ಮಾವನಿಗೆ ಫೋಟೋ ನೆನಪಾಯಿತು. ಅದರಲ್ಲಿ ನೆರಳಿದೆ ಎಂಬುದೇ ಅವನಿಗೆ ಇಷ್ಟು ವರ್ಷ ಗೊತ್ತಾಗಿರಲಿಲ್ಲ. ಆ ನೆರಳಿನೊಳಗೆ ಅವನಿಗೆ ಗೆಳೆಯನ ಮುಖ ಚೆನ್ನಾಗಿ ಕಾಣುತ್ತಿತ್ತು.

"ಓಹೋ, ಅದಕ್ಕೇ ಬೆಳಗಿನಿಂದ ಆಚೆ ಈಚೆ ತಿರುಗಿಸಿದ್ದು!" ಅಂದರು ಡಾಕ್ಟರು, ಎಲ್ಲರಿಗೂ ಕೇಳಿಸುವ ಹಾಗೆ. "ಕೊನೆಗೆ ತನ್ನ ಮನೆಗೇ ಎದುರಾಗಿ ನಿಲ್ಲಿಸ್ಕೊಂಡ್ರು ನೋಡಿ!"

"ಬದುಕಿರೋವಾಗ್ಲೇ ಸ್ಮಾರಕ!" ಅಂದರು ಟೀಚರಮ್ಮ. "ಗೆಳೆಯ, ಅವರಮ್ಮ ಅಂತೆಲ್ಲ ನಾಟಕ ಬೇರೆ. ಎಷ್ಟು ಸಾಧು ಅಂದ್ಕೊಂಡಿದ್ದೆ!"

"ಮೇಸ್ತ್ರಿ," ಅಂದ ಮಾವ. "ಮೇಸ್ತ್ರಿ, ಇದನ್ನ ಕೀಳಪ್ಪ. ಈಗ್ಲೇ ಕೀಳು."

"ಇನ್ನು ಮದ್ದಿಟ್ಟು ಸಿಡಿಸ್ಬೇಕಷ್ಟೇ ಮಾವ," ಅಂದ ಮೇಸ್ತ್ರಿ. ಮತ್ತೆ ದನಿ ತಗ್ಗಿಸಿ ಸೇರಿಸಿದ: "ಅಧ್ಯಕ್ಷರ ಅಂಗಡಿ ಮಾಲಾಗಿದ್ರೆ ಕೈಯಲ್ಲೇ ಬರ್ತಿತ್ತು. ನಿಮಗೋಸ್ಕರ ಅಂತ ಒಳ್ಳೇ ಸಿಮೆಂಟು ಹುಡುಕಿ ತಂದಿದ್ದೆ."

ಮುದುಕಿ ಇನ್ನೂ ಮಾವನ ಕೈ ಬಿಟ್ಟಿರಲಿಲ್ಲ. ಅವಳು ಬೈಯಲಿಲ್ಲ, ಅಳಲೂ ಇಲ್ಲ. ಇನ್ನೊಂದು ಕೈಯಿಂದ ಸೆರಗು ಎಳೆದುಕೊಂಡು ಮುಖ ಒರೆಸಿಕೊಂಡಳು.

"ಯುದ್ಧ ಮುಗೀತು ಅಂತ ಸುದ್ದಿ ಬಂದ ದಿನ, ಅವನು ಬರ್ತಾನೆ ಅಂತ ಬಾಗಿಲಲ್ಲೇ ನಿಂತಿದ್ದೆ," ಅಂದಳು. "ನೀನು ಬಂದೆ. ಇವತ್ತೂ ನೀನೇ ಬಂದ್ಯಲ್ಲೋ."

ಅಷ್ಟರಲ್ಲಿ ಅಧ್ಯಕ್ಷರು ಸಾವರಿಸಿಕೊಂಡು ಮೈಕಿನಲ್ಲಿ ಕೂಗಿದರು: "ಈಗ ನಮ್ಮೆಲ್ಲರ ಹೆಮ್ಮೆಯ ಯೋಧರು, ಈ ಪ್ರತಿಮೆಗೆ ಸ್ಫೂರ್ತಿಯಾದ ಮಿಲಿಟರಿ ಮಾವ ಅವರು ವೇದಿಕೆಗೆ ಬಂದು ಎರಡು ಮಾತು ಆಡ್ಬೇಕು ಅಂತ ಕೇಳ್ಕೊಳ್ತೀನಿ!"