ಅಚ್ಚಿನ ಪೆಟ್ಟಿಗೆ ಮತ್ತು ಅಕ್ಕನ ಬಚ್ಚಲೊಲೆ

ಹಳೇ ಮರದ ಅಚ್ಚು ಹುಡುಕಿಕೊಂಡು ಸಂತೆ, ಗುಜರಿ ಅಂಗಡಿ ಎಂದು ತಿರುಗುವವನಿಗೆ ಎಂತಾದರೂ ಒಂದು ಆಗುತ್ತಲೇ ಇರುತ್ತದೆ. ಏನೂ ಆಗಲಿಲ್ಲ ಅಂದರೆ ಆ ದಿನ ಬಸ್ಸು ತಪ್ಪಿ ಮನೆಯಲ್ಲೇ ಇದ್ದೆ ಎಂದು ತಿಳಿಯಬೇಕು.

ಅಚ್ಚು ಎಂದರೆ ಅಂಗೈ ಅಗಲದ ಮರದ ತುಂಡು. ಒಂದು ಮುಖಕ್ಕೆ ಹೂವೋ ಗಿಳಿಯೋ ಕೆತ್ತಿರುತ್ತದೆ, ಹಿಂದೆ ಹಿಡಿಕೆ. ಬಣ್ಣದಲ್ಲಿ ಅದ್ದಿ ಬಟ್ಟೆಗೆ ಒತ್ತಿದರೆ ಚಿತ್ರ ಬೀಳುತ್ತದೆ. ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಆಮೇಲೆ ಲಾರಿ ಬಿಟ್ಟೆ, ಹೋಟೆಲು ಬಿಟ್ಟೆ, ಐಸ್ ಫ್ಯಾಕ್ಟರಿ ಬಿಟ್ಟೆ. ಬಿಡದೇ ಮಾಡಿದ್ದು ಅಂದರೆ ಅಚ್ಚು ಕೂಡಿಹಾಕಿದ್ದು ಒಂದೇ.

ಇರುವುದು ಹೊನ್ನಾವರದಲ್ಲಿ, ಅಕ್ಕನ ಮನೆಯಲ್ಲಿ. ಅಚ್ಚುಗಳೆಲ್ಲ ಒಂದು ದೊಡ್ಡ ಮರದ ಪೆಟ್ಟಿಗೆಯಲ್ಲಿ, ಪೆಟ್ಟಿಗೆ ಜಗಲಿಯ ಮೂಲೆಯಲ್ಲಿ. ಚೌತಿಗೆ ಗಣಪತಿ ಕೂರಿಸುವುದೂ ಅದೇ ಮೂಲೆಯಲ್ಲಿ. ಕಳೆದ ವರ್ಷ ಗಣಪತಿಯನ್ನು ಪೆಟ್ಟಿಗೆಯ ಮೇಲೇ ಕೂರಿಸಿದ್ದೆವು. ಮುಳುಗಿಸಲು ಎತ್ತಿದಾಗ ಮುಚ್ಚಳವೂ ಅಂಟಿಕೊಂಡು ಹೊರಟಿತು. ಈ ವರ್ಷ ಅಕ್ಕ ಮೊದಲೇ ಸೆರಗು ಸಿಕ್ಕಿಸಿ ನಿಂತಳು.

"ತಮಾ, ಚೌತಿಯೊಳಗೆ ಇದಕ್ಕೊಂದು ಜಾಗ ನೋಡು. ಇಲ್ದಿದ್ರೆ ಬಚ್ಚಲೊಲೆಗೆ ಹಾಕ್ತೆ. ಒಣಾ ಮರ, ಚಲೋ ಉರೀತದೆ."

ಅಕ್ಕ ಹೇಳಿದ್ದನ್ನು ಮಾಡುವವಳು. ನಾನು ಶಾಲೆ ಬಿಟ್ಟ ದಿನ ನನ್ನ ಪಾಟೀಚೀಲ ಹೋದದ್ದೂ ಅದೇ ಒಲೆಗೆ.

೧. ಮೇಜಿನ ಕಾಲು

ಭಟ್ಕಳದ ಗುಜರಿ ಅಂಗಡಿಯವನು ನನಗೆ ಹಳೇ ಪರಿಚಯ. ಪೆಟ್ಟಿಗೆಯನ್ನು ಅವನ ಅಂಗಡಿಯ ಹಿಂದೆ ಇಟ್ಟುಕೊಳ್ಳಲಿಕ್ಕೆ ಕೇಳೋಣ ಎಂದು ಹೋದೆ. ಕೇಳುವ ಮೊದಲೇ ಕಣ್ಣು ಕೆಳಗೆ ಹೋಯಿತು. ಅವನ ಮೇಜಿನ ಒಂದು ಕಾಲು ಗಿಡ್ಡ. ಅದರ ಅಡಿಗೆ ಕೊಟ್ಟದ್ದು ಒಂದು ಅಚ್ಚು! ಬಳ್ಳಿ, ಬಳ್ಳಿಯ ತುದಿಗೆ ದಾಳಿಂಬೆ.

"ಅದು ಕೊಡ್ತೀರಾ?"

"ಅರೇ ಭಾಯ್, ಅಂಗಡಿಯಲ್ಲಿ ಇಷ್ಟು ಸಾಮಾನಿದೆ. ನಿನಗೆ ಮೇಜಿನ ಕಾಲೇ ಬೇಕಾ?"

"ಅದೇ ಬೇಕು."

"ತಗೋ. ಆದರೆ ಬೇರೆ ತುಂಡು ಸಿಗುವ ತನಕ ಮೇಜು ನೀನು ಹಿಡಿ."

ತುಂಡು ತರುತ್ತೇನೆ ಎಂದು ಹೋದವನು ನಮಾಜು ಮುಗಿಸಿ, ಊಟ ಮುಗಿಸಿ, ಒಂದು ನಿದ್ದೆಯನ್ನೂ ಮುಗಿಸಿ ಬಂದ. ಅಷ್ಟರಲ್ಲಿ ನಾನು ಒಂದು ಕೈಯಲ್ಲಿ ಮೇಜು ಹಿಡಿದು, ಇನ್ನೊಂದರಲ್ಲಿ ಎರಡು ಫ್ಯಾನು, ಒಂದು ಹೊಲಿಗೆ ಮಶಿನ್ನು ಮಾರಿದ್ದೆ. ಹೊಲಿಗೆ ಮಶಿನ್ನು ಅವನು ಆರು ವರ್ಷದಿಂದ ಮಾರಲಾಗದೆ ಬಿಟ್ಟದ್ದಂತೆ.

ಪೆಟ್ಟಿಗೆಯ ವಿಷಯ ತೆಗೆದೆ. "ಪೆಟ್ಟಿಗೆಗೆ ಜಾಗ ಇಲ್ಲ ಭಾಯ್," ಎಂದ. ತಂದ ತುಂಡನ್ನು ನೋಡಿದ, ಮೇಜು ನೋಡಿದ, ತುಂಡನ್ನು ಬೀದಿಗೆ ಎಸೆದ. "ನೀನು ಮಾತ್ರ ನಾಳೆ ಬೇಗ ಬಾ."

೨. ಅಕ್ಕಿಯ ಮೇಲಿನ ಮುದ್ರೆ

ಹೆಬಳೆಯಲ್ಲಿ ಒಂದು ಮನೆಯ ಕೊಟ್ಟಿಗೆ ಖಾಲಿ ಬಿದ್ದಿದೆ ಎಂದು ಯಾರೋ ಹೇಳಿದರು. ಹೋದೆ. ಮನೆಯ ಯಜಮಾನಿ, ಎಂಬತ್ತರ ಮುದುಕಿ, ಅಕ್ಕಿ ಕಣಜದ ಎದುರು ಕೂತಿದ್ದಳು. ಕೈಯಿಂದ ಅಕ್ಕಿಯನ್ನು ಸಮ ಮಾಡಿ, ಮಡಿಲಿನಿಂದ ಒಂದು ಅಚ್ಚು ತೆಗೆದು ನಾಲ್ಕು ಕಡೆ ಒತ್ತಿದಳು. ಅಕ್ಕಿಯ ಮೇಲೆ ನಾಲ್ಕು ಕಮಲ ಬಿದ್ದವು. ಯಾರಾದರೂ ಕೈ ಹಾಕಿದರೆ ಕಮಲ ಕೆಡುತ್ತದೆ, ಕಳ್ಳತನ ಗೊತ್ತಾಗುತ್ತದೆ. ಹಿಂದೆ ಕಣದಲ್ಲಿ ಭತ್ತದ ರಾಶಿಗೆ ಮಾಡುತ್ತಿದ್ದ ಪದ್ಧತಿ. ಈ ಅಜ್ಜಿ ಅದನ್ನು ಸೊಸೆಯ ಸಲುವಾಗಿ ಒಳಗೆ ತಂದಿದ್ದಳು.

ಕೊಟ್ಟಿಗೆ ಮರೆತೇ ಹೋಯಿತು. "ಅಜ್ಜೀ, ಆ ಅಚ್ಚು ಕೊಡ್ತ್ಯಾ?"

"ಇದನ್ನಾ? ನನ್ನ ಜೀವ ಕೇಳು ಬೇಕಾದ್ರೆ. ಮೂವತ್ತು ವರ್ಷದಿಂದ ಈ ಮನೆಯಲ್ಲಿ ಒಂದು ಮುಷ್ಟಿ ಅಕ್ಕಿ ಹೋದದ್ದಿಲ್ಲ, ಗೊತ್ತದಾ?"

ಪೆಚ್ಚುಮೋರೆ ಹಾಕಿಕೊಂಡು ಬೇಲಿಯ ದಣಪೆ ದಾಟುವಾಗ ಹಿಂದಿನಿಂದ ಸೊಸೆ ಓಡಿಬಂದಳು. ಆಕೆಗೂ ಐವತ್ತು ದಾಟಿದೆ. ಸೊಂಟದಿಂದ ಒಂದು ಅಚ್ಚು ತೆಗೆದು ಕೈಗಿಟ್ಟಳು. ಅದೇ ಕಮಲ, ಅದೇ ಎಸಳು, ಒಂದು ಕೂದಲಷ್ಟೂ ವ್ಯತ್ಯಾಸ ಇಲ್ಲ.

"ಮದುವೆಯಾಗಿ ಬಂದ ವರ್ಷವೇ ಆಚಾರಿ ಹತ್ರ ಮಾಡಿಸಿಕೊಂಡದ್ದು. ತಗೊಂಡು ಹೋಗು."

"ನಿಮಗೆ ಬೇಡ್ವಾ?"

"ಎಂತಕೆ? ಅತ್ತೆಗೆ ಕಣ್ಣು ಮಂಜಾಗಿ ಮೂರು ವರ್ಷ ಆತು. ಈಗ ಹೆಬ್ಬೆಟ್ಟು ಒತ್ತಿದ್ರೂ ಸಾಕಾಗ್ತದೆ."

೩. ಎರಡು ಮೀನು, ಒಂದು ಚುಕ್ಕೆ

ಹೀಗೆ ಜಾಗ ಹುಡುಕಲು ಹೋದಲ್ಲೆಲ್ಲ ಅಚ್ಚು ಹೆಚ್ಚಾಯಿತೇ ಹೊರತು ಜಾಗ ಸಿಗಲಿಲ್ಲ. ಅಕ್ಕ ಬಚ್ಚಲೊಲೆಯ ಬೂದಿ ತೆಗೆದು ಸ್ವಚ್ಛ ಮಾಡಿದ್ದನ್ನೂ ನೋಡಿದೆ.

ಕೊನೆಗೆ ಓಂ ಬೀಚಿನ ಹತ್ತಿರ ಗೆಸ್ಟ್ ಹೌಸ್ ಇಟ್ಟವನೊಬ್ಬ, "ಪೆಟ್ಟಿಗೆ ತಾ, ಅಚ್ಚುಗಳನ್ನು ಗೋಡೆಗೆ ತೂಗುಹಾಕ್ತೇನೆ. ಬಂದವರು ಫೋಟೋ ಹೊಡೀತಾರೆ," ಎಂದ. ನನಗೆ ಹಾರುವಷ್ಟು ಸಂತೋಷ. ಅದೇ ವಾರ ಕುಮಟೆಯ ಸಂತೆಯಲ್ಲಿ ಹಳೇ ಕಬ್ಬಿಣದ ರಾಶಿಯೊಳಗೆ ಇನ್ನೊಂದು ಅಚ್ಚು ಸಿಕ್ಕಿತ್ತು. ಎದುರುಬದುರು ಎರಡು ಮೀನು, ನಡುವೆ ಚುಕ್ಕೆ. ಅದರ ಚಂದಕ್ಕೆ ಮರುಳಾಗಿ ನೀಲಿ ಪೇಂಟಿನಲ್ಲಿ ಅದ್ದಿ ಪೆಟ್ಟಿಗೆಯ ನಾಲ್ಕೂ ಮಗ್ಗುಲಿಗೆ ಒತ್ತಿದೆ. ಉಳಿದ ಪೇಂಟನ್ನು ಅಂಗಿಯ ಕಿಸೆಗೂ ಒತ್ತಿಕೊಂಡೆ.

ಗೆಸ್ಟ್ ಹೌಸಿಗೆಂದು ಪೆಟ್ಟಿಗೆ ಸಮೇತ ಹೊರಟು, ಅಘನಾಶಿನಿಯಲ್ಲಿ ದೋಣಿ ಹತ್ತಿ ತದಡಿಯ ಧಕ್ಕೆಯಲ್ಲಿ ಇಳಿದೆ. ಮಳೆಗಾಲದ ರಜೆ ಮುಗಿದು ಮೀನುಗಾರಿಕೆ ಶುರುವಾಗಿ ಸ್ವಲ್ಪ ದಿನವಾಗಿತ್ತು. ಧಕ್ಕೆಯ ತುಂಬ ಬೋಟು, ಐಸು, ಪೆಟ್ಟಿಗೆಗಳ ಸಾಲು. ನನ್ನ ಪೆಟ್ಟಿಗೆಯನ್ನೂ ಒಂದು ಬದಿಗಿಟ್ಟು ಚಾ ಕುಡಿದು ಬಂದೆ. ಪೆಟ್ಟಿಗೆ ಇಲ್ಲ.

ಮೀನು ಮಾರುವ ಹೆಂಗಸೊಬ್ಬಳು ನನ್ನ ಪರದಾಟ ನೋಡಿ ಕರೆದಳು. "ಎಂತ ಹುಡುಕ್ತೆ?"

"ಪೆಟ್ಟಿಗೆ. ಎರಡು ಮೀನು, ಒಂದು ಚುಕ್ಕೆ."

"ಆ ಬೋಟು ಆಗ್ಲೇ ಹೋತಲ್ಲ!"

ಆಮೇಲೆ ತಿಳಿಯಿತು. ಒಂದೊಂದು ಬೋಟಿಗೂ ಒಂದೊಂದು ಗುರುತು. ಪೆಟ್ಟಿಗೆ ಅದಲುಬದಲಾಗದ ಹಾಗೆ ಅಚ್ಚಿನಿಂದ ಒತ್ತಿರುತ್ತಾರೆ. ಹೊರುವವರು ಗುರುತು ನೋಡುತ್ತಾರೆ, ಹತ್ತಿಸುತ್ತಾರೆ. ಒಳಗೆ ಎಂತ ಇದೆ ಎಂದು ಕೇಳುವ ಪದ್ಧತಿ ಇಲ್ಲ. ಸಂತೆಯಲ್ಲಿ ನನಗೆ ಸಿಕ್ಕಿದ್ದು ಆ ಬೋಟಿನ ಕಳೆದುಹೋದ ಹಳೇ ಅಚ್ಚು.

ಹೆಂಗಸಿನ ಕಣ್ಣು ನನ್ನ ಕಿಸೆಯ ಮೇಲೆ ಬಿತ್ತು. "ಚಾ ಕುಡಿಯೂಕೆ ಹೋದದ್ದು ಚಲೋ ಆತು ಮಾರಾಯ. ಇಲ್ಲೇ ನಿಂತಿದ್ರೆ ನಿನ್ನನ್ನೂ ಹತ್ತಿಸ್ತಿದ್ರು."

ಗೆಸ್ಟ್ ಹೌಸಿನವನಿಗೆ ಫೋನ್ ಮಾಡಿ, ಅಚ್ಚುಗಳೆಲ್ಲ ಸಮುದ್ರಕ್ಕೆ ಹೋಗಿವೆ ಎಂದೆ. "ನಮ್ಮಲ್ಲಿ ಬಂದು ಉಳಿಯುವವರೂ ಹೀಗೇ ಮಾತಾಡ್ತಾರೆ," ಎಂದ. "ಆದರೆ ಅವರು ಎಂತಾದರೂ ಸೇದಿರ್ತಾರೆ."

೪. ಪಾಲು

ಎಂಟನೇ ದಿನ ಬೋಟು ಬಂತು. ಚೌತಿಗೆ ಇನ್ನು ನಾಲ್ಕೇ ದಿನ. ಓಡಿಹೋಗಿ ತಾಂಡೇಲನನ್ನು, ಅಂದರೆ ಬೋಟು ನಡೆಸುವವನನ್ನು, ಹಿಡಿದೆ. ಪೆಟ್ಟಿಗೆ ಒಳಗೇ ಇತ್ತು. ನನ್ನ ಗಿಳಿ ಅಚ್ಚಿನ ಮೇಲೆ ಬಿಸಿ ಸಾರಿನ ಪಾತ್ರೆ ಕೂತಿತ್ತು.

"ನಿಂದಾ ಇದು?" ತಾಂಡೇಲ ಎರಡೂ ಕೈ ಅಡ್ಡ ಹಿಡಿದ. "ಕೇಳಬೇಡ. ಪೆಟ್ಟಿಗೆ ಇಳಿಸೂದಿಲ್ಲ."

"ಎಂತಕ್ಕೆ?"

"ಶುರುವಾದಂದಿನಿಂದ ನಮಗೆ ಬಲೆ ತೊಳೆದ ಕೂಲಿಗೆ ಆಗುವಷ್ಟೂ ಮೀನು ಸಿಕ್ಕಿರಲಿಲ್ಲ. ಈ ಪೆಟ್ಟಿಗೆ ಬಂತು, ಬೋಟು ಮುಳುಗುವಷ್ಟು ಬಂಗಡೆ ಬಿತ್ತು. ಮೀನು ತಂದ ಸಾಮಾನನ್ನು ಯಾರಾದ್ರೂ ಇಳಿಸ್ತಾರಾ? ನೀನೇ ಹೇಳು."

ಹಿಂದೆ ಒಮ್ಮೆ ಹರಿದ ಕೊಡೆಯೊಂದನ್ನು ಇದೇ ಕಾರಣಕ್ಕೆ ಎರಡು ವರ್ಷ ಇಳಿಸಿರಲಿಲ್ಲವಂತೆ.

"ನ್ಯಾಯ ಬಿಟ್ಟು ಮಾತಾಡೂದಿಲ್ಲ," ಎಂದ ತಾಂಡೇಲ. "ಬೋಟು ಹತ್ತಿದವರಿಗೆಲ್ಲ ಪಾಲು ಇದೆ. ಪೆಟ್ಟಿಗೆಗೂ ಇದೆ." ಒಂದು ಬುಟ್ಟಿ ಬಂಗಡೆಯನ್ನು ನನ್ನ ತಲೆಯ ಮೇಲಿಟ್ಟ.

ಅಕ್ಕ ಮೂಲೆ ನೋಡಿದಳು, ಬುಟ್ಟಿ ನೋಡಿದಳು, ಕತೆ ಪೂರ್ತಿ ಕೇಳಿದಳು. ಬುಟ್ಟಿಯನ್ನು ಒಳಗೆ ಒಯ್ದಳು. ಗಣಪತಿ ಮೂಲೆಯಲ್ಲಿ ಆರಾಮಾಗಿ ಕೂತು ಹೋದ. ಚೌತಿ ಕಳೆದು ಬೋಟು ಮತ್ತೆ ಬಂತು, ಪೆಟ್ಟಿಗೆಯ ಪಾಲು ಮತ್ತೆ ಬಂತು. ಈ ಸಲ ಬುಟ್ಟಿಯ ಮೇಲುಗಡೆ ಎರಡು ಇಸೋಣ, ಬಂಗಡೆಗಿಂತ ದೊಡ್ಡ, ದುಬಾರಿ ಮೀನು. ಅಕ್ಕ ಮೆಟ್ಟುಗತ್ತಿಯ ಮೇಲೆ ಕೂತು ಇಸೋಣ ಕೊಯ್ಯುತ್ತಾ ಹೇಳಿದಳು.

"ತಮಾ, ಆ ಪೆಟ್ಟಿಗೆ ಯಾವಾಗ ಬಂದ್ರೂ ಆ ಮೂಲೆಯಲ್ಲೇ ಇರ್ಲಿ. ದುಡಿಯುವವರಿಗೆ ಈ ಮನೆಯಲ್ಲಿ ಯಾವತ್ತೂ ಜಾಗ ಇದೆ."

"ಮತ್ತೆ ಬಚ್ಚಲೊಲೆ?"

ಅಕ್ಕ ತಲೆ ಎತ್ತಿ ಮೂಲೆ ನೋಡಿದಳು. ಖಾಲಿಯಾದ ಮೂಲೆಯಲ್ಲಿ ಈಗ ನನ್ನ ಚಾಪೆ, ದಿಂಬು ಇದ್ದವು.

"ಚೌತಿ ಬರೂಕೆ ಇನ್ನೂ ಒಂದು ವರ್ಷ ಇದೆ," ಎಂದಳು. "ಅಷ್ಟರೊಳಗೆ ನೀನೂ ಒಂದು ಜಾಗ ನೋಡು."