ಬಚ್ಚಲುಮನೆ ಬಿಟ್ಟು ಹೊರಡಲೊಲ್ಲದ ತಾಮ್ರದ ಹಂಡೆಯವರಿಗೆ

ಹೊಳೆನರಸೀಪುರದ ನಮ್ಮ ಮನೆಯ ಬಚ್ಚಲಿನ ಮೂಲೆಯಲ್ಲಿ ಬಿಜಯಂಗೈದಿರುವ, ವಿಶಾಲವಾದ ಉದರವೂ ಗಂಭೀರವಾದ ಕಂಠವೂ ಉಳ್ಳ ತಾಮ್ರದ ಹಂಡೆಯವರ ಸನ್ನಿಧಾನಕ್ಕೆ, ಅದೇ ಬಚ್ಚಲಿನಲ್ಲಿ ತಾವು ದಯಪಾಲಿಸಿ ಉಳಿಸಿಕೊಟ್ಟಿರುವ ಜಾಗದಲ್ಲಿ ಒಂಟಿಗಾಲಿನ ಮೇಲೆ ಸ್ನಾನ ಮಾಡುತ್ತಿರುವ ಚಲುವನಾರಾಯಣನೆಂಬ ಹೈಸ್ಕೂಲು ಮೇಷ್ಟರು ಮಾಡುವ ಅನೇಕ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು ಕೇಳದೆಯೇ ಬಲ್ಲೆ. ಕ್ಷೇಮವಾಗಿಲ್ಲದವರು ಯಾರೂ ಹೊಸ ಟೈಲ್ಸ್ ಹಾಕಿಸಿದ ಬಚ್ಚಲಿನ ಅರ್ಧ ಜಾಗವನ್ನು ಹಿಡಿದು ಇಷ್ಟು ನಿಶ್ಚಿಂತೆಯಿಂದ ಕುಳಿತಿರಲು ಸಾಧ್ಯವಿಲ್ಲ. ಈ ದೂರನ್ನು ತಮ್ಮ ಮುಂದೆ ನಿಂತು ಬಾಯಿಮಾತಿನಲ್ಲೇ ಹೇಳಬಹುದಿತ್ತು, ಹೇಳಿಯೂ ನೋಡಿದೆ; ಆದರೆ ಆಗ ತಾವು ಖಾಲಿಯಿದ್ದುದರಿಂದ ನಾನು ಬೈದದ್ದೆಲ್ಲ ತಮ್ಮ ಹೊಟ್ಟೆಯೊಳಗೆ ಸುತ್ತಿಕೊಂಡು ಬಂದು ಎರಡರಷ್ಟು ದನಿಯಲ್ಲಿ ನನಗೇ ಬಡಿಯಿತು. ಹೀಗಾಗಿ ಬಹಿರಂಗ ಪತ್ರದ ಮೊರೆಹೋಗಿದ್ದೇನೆ.

ತಮಗೆ ನೆನಪಿರುವಂತೆ ಈ ದುರಸ್ತಿಯ ಕೆಲಸವನ್ನು ನಾವು ಷೋಕಿಗೆ ಕೈಗೆತ್ತಿಕೊಂಡದ್ದಲ್ಲ. ನನ್ನ ತಾಯಿ ಶ್ರೀರಂಗಮ್ಮನವರು ಕಳೆದ ಮಳೆಗಾಲದಲ್ಲಿ ಹಳೆಯ ಬಚ್ಚಲಿನ ಪಾಚಿಗಟ್ಟಿದ ಕಲ್ಲಿನ ಮೇಲೆ, ತಮ್ಮ ಕಣ್ಣೆದುರೇ, ಜಾರಿಬಿದ್ದು ಕೈ ಮುರಿದುಕೊಂಡರು. ಕೈ ಕೂಡಿತು, ಧೈರ್ಯ ಕೂಡಲಿಲ್ಲ. ಅಂದಿನಿಂದ ನನ್ನ ಹೆಂಡತಿ ಹಂಸಳೇ ಅವರನ್ನು ಹಿಡಿದು ಕೂರಿಸಿ ಸ್ನಾನ ಮಾಡಿಸಬೇಕಾಯಿತು. ಅತ್ತೆ ಸೊಸೆಯರು ಹೊಂದಿಕೊಂಡೇ ಇರುವವರಾದರೂ ಅಮ್ಮ ಪ್ರತಿದಿನ ಒದ್ದೆ ತಲೆಯಲ್ಲಿ ಹೊರಬಂದು, "ಈ ವಯಸ್ಸಿಗೆ ಇನ್ನೊಬ್ಬರ ಕೈಲಿ ಮೈ ತೊಳೆಸ್ಕೊಳ್ಳೋ ಹಾಗಾಯ್ತಲ್ಲೋ ಚಲುವ. ನನ್ನ ಸ್ನಾನ ನಾನು ಮಾಡ್ಕೊಳ್ಳೋ ಹಾಗೆ ಏನಾದ್ರೂ ಮಾಡು," ಎನ್ನುತ್ತಿದ್ದರು. ಆ ಮಾತು ಕೇಳಿದ ದಿನ ನನಗೆ ಊಟ ರುಚಿಸುತ್ತಿರಲಿಲ್ಲ. ಅಮ್ಮ ಒಳಗೆ ಹೋಗಿ, ತಾವೇ ಚಿಲಕ ಹಾಕಿಕೊಂಡು, ತಾವೇ ಮಿಂದು ಬರಬೇಕು. ಇಡೀ ಯೋಜನೆಯ ಉದ್ದೇಶ ಇದಿಷ್ಟೇ.

ಮೇಷ್ಟರ ಯೋಜನೆಯಾದ್ದರಿಂದ ಹಣ ಕಡಿಮೆಯಿತ್ತು, ಸಲಹೆ ಧಾರಾಳವಾಗಿತ್ತು. ಹಾಸನದಲ್ಲಿರುವ ನನ್ನ ಭಾವಮೈದುನ ಗೌತಮ್, ಕಡಿಮೆ ಖರ್ಚಿನಲ್ಲಿ ಬಚ್ಚಲನ್ನು ಅರಮನೆ ಮಾಡುವ ವಿಡಿಯೋಗಳನ್ನು ಕೂತಲ್ಲಿ ನಿಂತಲ್ಲಿ ನೋಡಿ ಪಾರಂಗತನಾಗಿರುವವನು, ಉಸ್ತುವಾರಿಯನ್ನು ತಾನಾಗಿಯೇ ವಹಿಸಿಕೊಂಡ. ಚನ್ನರಾಯಪಟ್ಟಣದ ಅಂಗಡಿಯೊಂದರಲ್ಲಿ ಯಾರೋ ಕೊಂಡು ಮಿಕ್ಕಿದ್ದ ಟೈಲ್ಸ್ ಅಗ್ಗಕ್ಕೆ ಸಿಕ್ಕವು. ಹೀಗಾಗಿ ನಮ್ಮ ಬಚ್ಚಲಿನ ಮೂರು ಗೋಡೆಗಳಲ್ಲಿ ನೀಲಿ ಮೀನುಗಳು ಈಜುತ್ತವೆ, ನಾಲ್ಕನೆಯದರಲ್ಲಿ ದ್ರಾಕ್ಷಿ ಗೊಂಚಲು ತೂಗುತ್ತದೆ. ಹೊಗೆ ಹಿಡಿದು ಕಪ್ಪಾಗಿದ್ದ ಗೋಡೆಗಳನ್ನು ಆಯುಸ್ಸಿಡೀ ನೋಡಿದ್ದ ತಮಗೆ ಈ ಬದಲಾವಣೆ ಹೇಗನ್ನಿಸಿತೋ ತಿಳಿಯದು. ತಾವು ಎಂದಿನಂತೆ ಅಭಿಪ್ರಾಯವನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿರಿ.

ಹಳ್ಳಿಮೈಸೂರಿನ ಗಾರೆ ಕೆಲಸದ ಬಸವರಾಜು ಬಂದು ಮೊದಲ ದಿನವೇ ಒಲೆಯನ್ನು ಒಡೆದ. ಗೀಸರ್ ಬರುವ ಮನೆಯಲ್ಲಿ ಸೌದೆ ಒಲೆಗೆ ಕೆಲಸವಿಲ್ಲವಷ್ಟೆ. ಒಲೆಯ ಮೇಲಿಂದ ಕೆಳಗಿಳಿದ ತಮ್ಮನ್ನು ಆಗಲೇ ಹಿತ್ತಿಲಿಗೆ ಸಾಗಿಸಬೇಕಿತ್ತು. ಆದರೆ ತಾವು ಅಮ್ಮನ ತವರಾದ ಅರಕಲಗೂಡಿನಿಂದ ಅವರ ಮದುವೆಯ ಜೊತೆಗೇ ಬಂದವರು, ಕಂಠದ ಮೇಲೆ ಅಮ್ಮನ ಹೆಸರನ್ನು ಕೆತ್ತಿಸಿಕೊಂಡವರು. ತಮ್ಮ ಪ್ರಯಾಣಕ್ಕೆ ಮುಹೂರ್ತ ಬೇಡವೇ? "ಖಾಲಿ ಹಂಡೆ ಹೊಸ್ತಿಲು ದಾಟಬಾರದು ಕಣೋ," ಎಂದರು ಅಮ್ಮ. ಸರಿಯೆಂದು ತುಂಬಿಸಿದೆವು. ತುಂಬಿದ ತಮ್ಮನ್ನು ಎತ್ತಲು ಹೋಗಿ ಬಸವರಾಜು ಸೊಂಟ ಹಿಡಿದುಕೊಂಡು ಕುಳಿತ. ಖಾಲಿ ಮಾಡಿದೆವು, ಖಾಲಿಯಾದದ್ದು ಹೊಸ್ತಿಲು ದಾಟುವಂತಿಲ್ಲ. ಶಾಸ್ತ್ರಕ್ಕೆ ಒಂದು ಚೊಂಬು ನೀರು ಹಾಕಿ ಹೊರಡಿಸೋಣವೆಂದು ನಾನು ಸೂಚಿಸಿದಾಗ ಅಮ್ಮ ನನ್ನನ್ನು ಪರೀಕ್ಷೆಯಲ್ಲಿ ನಕಲು ಹೊಡೆಯುವ ಹುಡುಗನನ್ನು ನೋಡುವಂತೆ ನೋಡಿ, "ತುಂಬಿದ್ದು ಅಂದ್ರೆ ತುಂಬಿದ್ದೇ. ದೇವರಿಗೇನು ಕಣ್ಣು ಕಾಣಲ್ವಾ?" ಎಂದುಬಿಟ್ಟರು. ಇದರ ನಡುವೆ ಶುಕ್ರವಾರ ಬಂತು, ಮಂಗಳವಾರ ಬಂತು, ಅಮಾವಾಸ್ಯೆಯೂ ಬಂದು ಹೋಯಿತು.

ಬಸವರಾಜುವಿಗೆ ಬೇರೆ ಕಡೆ ಕೆಲಸ ಕಾದಿತ್ತು. "ಅಂಡೆ ಅಂಗೇ ಇರ್ಲಿ ಬುಡಿ ಸಾ, ಆಮೇಲೆ ಎತ್ತುದ್ರಾಯ್ತದೆ," ಎಂದು ತಮ್ಮ ತಳಕ್ಕೆ ಇಟ್ಟಿಗೆಯ ಕಟ್ಟೆಯೊಂದನ್ನು ಕಟ್ಟಿ, ಉರುಳದಂತೆ ಸಿಮೆಂಟು ಮೆತ್ತಿ, ಸುತ್ತಲೂ ನೆಲಕ್ಕೆ ಟೈಲ್ಸ್ ಹಾಕುತ್ತ ಬಂದ. ಕಟ್ಟೆ ಬೋಳಾಗಿ ಕಾಣುತ್ತದೆಂದು ಗೌತಮ್ ಹೇಳಿದ್ದಕ್ಕೆ ಅದಕ್ಕೂ ಒಂದು ಸಾಲು ಮೀನು ಅಂಟಿಸಿದ. ಕೊನೆಗೆ ಬಂದದ್ದು ಬಾಗಿಲು. ಗೆದ್ದಲು ತಿಂದ ಹಳೆಯ ಅಗಲದ ಮರದ ಬಾಗಿಲನ್ನು ಕಿತ್ತು, ರಿಯಾಯಿತಿಯಲ್ಲಿ ಸಿಕ್ಕಿದ ರೆಡಿಮೇಡ್ ಪ್ಲಾಸ್ಟಿಕ್ ಬಾಗಿಲನ್ನು ನಿಲ್ಲಿಸಿದರು. ಅದು ಕಿರಿದಾದ್ದರಿಂದ ಮಿಕ್ಕ ಸಂದಿಗೆ ಇಟ್ಟಿಗೆ ತುಂಬಿ ಗಾರೆ ಮಾಡಿದರು. ಎಲ್ಲರೂ ಹೊರಗೆ ನಿಂತು ಚೆನ್ನಾಗಿದೆ, ಚೆನ್ನಾಗಿದೆ ಎಂದೆವು. ಆಮೇಲೆ ಒಂದು ಒಳ್ಳೆಯ ಗುರುವಾರ ನೋಡಿ, ನೆಂಟರ ಹುಡುಗರನ್ನೆಲ್ಲ ಒಟ್ಟುಮಾಡಿ, ತುಂಬಿದ ತಮ್ಮನ್ನೇ ಎತ್ತಿಬಿಡುವುದೆಂದು ತೀರ್ಮಾನಿಸಿ ಹತ್ತಿರ ಹೋದಾಗಲೇ ನಮಗೆ ಹೊಳೆದದ್ದು, ತಾವು ಬಾಗಿಲಿಗಿಂತ ದಪ್ಪಗಿದ್ದೀರಿ.

ಮಾನ್ಯರೇ, ಆ ಹೊತ್ತಿನಲ್ಲಿ ತಾವು ತೋರಿದ ಸಂಯಮವನ್ನು ಎಷ್ಟು ಹೊಗಳಿದರೂ ಸಾಲದು. ಬಾಗಿಲು ನಿಲ್ಲಿಸುವಾಗ ತಾವು ಅಲ್ಲೇ ಇದ್ದಿರಿ, ತಮ್ಮ ಸುತ್ತಳತೆ ತಮಗೆ ತಿಳಿದೇ ಇತ್ತು, ಒಂದು ಸಣ್ಣ ಠಣ್ ಎಂಬ ಸದ್ದನ್ನಾದರೂ ಮಾಡಬಹುದಿತ್ತು. ಮಾಡಲಿಲ್ಲ. ಇನ್ನು ಮುಂದಾದರೂ ತಾವು ನನ್ನ ಕೆಲವು ಅಲ್ಪ ಕೋರಿಕೆಗಳನ್ನು ಮನ್ನಿಸಬೇಕು. ಸ್ನಾನದ ಹೊತ್ತಿನಲ್ಲಿ ಮಾತ್ರ ಉಸಿರು ಬಿಗಿಹಿಡಿದು ಹೊಟ್ಟೆಯನ್ನು ಸ್ವಲ್ಪ ಒಳಗೆ ಎಳೆದುಕೊಳ್ಳಬೇಕು. ವಾರದಲ್ಲಿ ಎರಡು ದಿನವಾದರೂ ಉಪವಾಸವಿದ್ದು ತೆಳ್ಳಗಾಗಲು ಪ್ರಯತ್ನಿಸಬೇಕು. ಅದೂ ಆಗದಿದ್ದರೆ ಗೋಡೆಯ ಮೀನುಗಳಂತೆ ತಾವೂ ಚಿತ್ರವಾಗಿ ದ್ರಾಕ್ಷಿಯ ಪಕ್ಕ ಅಂಟಿಕೊಳ್ಳಬಹುದು, ನಮ್ಮದೇನೂ ಅಡ್ಡಿಯಿಲ್ಲ.

ಬಾಗಿಲನ್ನು ಒಡೆಸಲು ನನ್ನಲ್ಲಿ ಹಣ ಉಳಿದಿರಲಿಲ್ಲ. ಬಸವರಾಜು ತಲೆ ಕೆರೆದುಕೊಂಡು, "ನಾಕು ತುಂಡು ಮಾಡುದ್ರೆ ಆರಾಮಾಗಿ ಆಚೆ ಬತ್ತದೆ ಸಾ. ಸೋಮ್ವಾರ ಮಿಸನ್ನು ತತ್ತೀನಿ," ಎಂದ. ಗೌತಮ್ ತಾಮ್ರಕ್ಕೆ ಒಳ್ಳೆಯ ಬೆಲೆಯಿದೆಯೆಂದು ನೆನಪಿಸಿದ. ನಾನು ಹೂಂ ಎಂದೆ. ಅಮ್ಮ ಅಂದು ತಿಂಡಿ ಬೇಡವೆಂದರು. ಹಂಸ ನನ್ನ ತಟ್ಟೆಯನ್ನು ಸ್ವಲ್ಪ ಜೋರಾಗಿಯೇ ಮುಂದಿಟ್ಟಳು. ಸೋಮವಾರದವರೆಗೆ ಖಾಲಿ ಹಂಡೆಯ ಮುಖ ನೋಡಿ ಸ್ನಾನ ಮಾಡಬಾರದೆಂದು ಅವಳೇ ದಿನಾ ಬೆಳಿಗ್ಗೆ ಗೀಸರಿನ ನೀರಿನಿಂದ ತಮ್ಮನ್ನು ಮತ್ತೆ ಕಂಠಮಟ್ಟ ತುಂಬಿಸತೊಡಗಿದಳು.

ಈಗ ಗೌತಮ್ ಆನ್‌ಲೈನಿನಲ್ಲಿ ತರಿಸಿದ ಸ್ಟೀಲಿನ ಹಿಡಿಕೆಯ ವಿಷಯಕ್ಕೆ ಬರುತ್ತೇನೆ. ವಯಸ್ಸಾದವರು ಹಿಡಿದುಕೊಂಡು ಏಳಲೆಂದು ಗೋಡೆಗೆ ಹಾಕುವ ಹಿಡಿಕೆ ಅದು. ಅಮ್ಮನಿಗೆಂದು ಈ ಇಡೀ ಬಚ್ಚಲಿನಲ್ಲಿ ಮಾಡಿಸಿದ್ದು ಅದೊಂದೇ. ಮೊಳೆ ಹೊಡೆದರೆ ಹೊಸ ಟೈಲ್ಸ್ ಬಿರುಕು ಬಿಡುತ್ತವೆಂದು, ಮೊಳೆಯಿಲ್ಲದೆ ಗಮ್ಮಿನಲ್ಲೇ ನಿಲ್ಲುವಂಥದ್ದನ್ನು ಅವನು ಆರಿಸಿದ್ದ. ಶನಿವಾರ ಬೆಳಿಗ್ಗೆ ಹಂಸ ಟವೆಲ್ ತರಲು ಹೊರಬಂದ ಒಂದು ಗಳಿಗೆಯಲ್ಲಿ ಅಮ್ಮ ಮಣೆಯಿಂದ ಏಳಹೋದರು. ಬಲಗೈಯಲ್ಲಿದ್ದ ಹಿಡಿಕೆ ಒಂದು ಮೀನಿನ ಸಮೇತ ಕಿತ್ತುಕೊಂಡು ಬಂತು. ಸದ್ದು ಕೇಳಿ ನಾನೂ ಹಂಸಳೂ ಬಿದ್ದೆದ್ದು ಓಡಿದೆವು. ನಾನು ಬಾಗಿಲ ಹೊರಗೇ ನಿಂತು ಅಮ್ಮಾ ಎಂದು ಕೂಗಿದೆ. ಹಂಸ ಒಳಗೆ ನುಗ್ಗಿದಳು.

ಅಮ್ಮ ನೆಟ್ಟಗೆ ನಿಂತಿದ್ದರಂತೆ. ಎಡಗೈ, ಮಾನ್ಯರೇ, ತಮ್ಮ ಕಂಠದ ಮೇಲಿತ್ತಂತೆ, ಸರಿಯಾಗಿ ಅವರ ಹೆಸರು ಕೆತ್ತಿದ ಕಡೆ. ತುಂಬಿದ್ದ ತಾವು ಕೂದಲೆಳೆಯಷ್ಟೂ ಕದಲಿರಲಿಲ್ಲ. ಬಲಗೈಯಲ್ಲಿದ್ದ ಹಿಡಿಕೆಯನ್ನು ಅಮ್ಮ ಹಂಸಳ ಕೈಗೆ ಕೊಟ್ಟು, "ಇದನ್ನ ನಿನ್ನ ತಮ್ಮನಿಗೆ ಕೊಡು," ಎಂದರಂತೆ. ಆಮೇಲೆ, "ನೀನು ಆಚೆ ಇರು ಹಂಸ, ನಾನು ನೋಡ್ಕೋತೀನಿ," ಎಂದು ಅವಳನ್ನು ಹೊರಗೆ ಕಳಿಸಿದರು.

ಆ ಪ್ಲಾಸ್ಟಿಕ್ ಬಾಗಿಲಿಗೆ ಒಳಗಿನಿಂದ ಚಿಲಕ ಬಿದ್ದ ಸದ್ದನ್ನು ನಾನು ಪಡಸಾಲೆಯಲ್ಲಿ ನಿಂತು ಕೇಳಿದೆ. ಹಂಸ ಬಾಗಿಲಿಗೆ ಕಿವಿಯಿಟ್ಟು ನಿಂತಿದ್ದಳು. ಒಳಗೆ ಚೊಂಬು ತಮ್ಮೊಳಗೆ ಮುಳುಗಿತು, ಎದ್ದಿತು, ನೀರು ಸುರಿಯಿತು. ಸ್ನಾನದ ಹೊತ್ತಿಗೆ ಅಮ್ಮ ಹೇಳಿಕೊಳ್ಳುತ್ತಿದ್ದ ದೇವರ ನಾಮವನ್ನು ಅವರು ಬಿದ್ದ ದಿನದಿಂದ ಯಾರೂ ಕೇಳಿರಲಿಲ್ಲ. ಅಂದು ಅದೂ ಶುರುವಾಯಿತು, ಶ್ರುತಿ ಹಿಂದಿನಂತೆಯೇ ತಪ್ಪಿತ್ತು. ನನಗೆ ಅಳು ಬಂತು, ಮೇಷ್ಟರಾದ್ದರಿಂದ ಕನ್ನಡಕ ಒರೆಸಿಕೊಂಡೆ.

ಆದ್ದರಿಂದ, ಮಾನ್ಯರೇ, ಸೋಮವಾರದ ಕಾರ್ಯಕ್ರಮವನ್ನು ರದ್ದುಪಡಿಸಲಾಗಿದೆ. ಹಾಗೆಂದು ನನ್ನ ದೂರನ್ನು ನಾನು ಹಿಂತೆಗೆದುಕೊಂಡಿದ್ದೇನೆಂದು ತಾವು ಬೀಗಬಾರದು. ತಾವು ಇಂದಿಗೂ ಅನಗತ್ಯವಾಗಿ ದಪ್ಪಗಿದ್ದೀರಿ. ಇಂದು ಬೆಳಿಗ್ಗೆಯೂ ನನ್ನ ಮೊಣಕೈಗೆ ತಗುಲಿದಿರಿ. ಆದರೆ ನನ್ನ ಹಿಂದಿನ ಕೋರಿಕೆಗಳೆಲ್ಲವನ್ನೂ ಕಸದ ಬುಟ್ಟಿಗೆ ಹಾಕಿ, ಈ ಒಂದನ್ನು ಮಾತ್ರ ನಡೆಸಿಕೊಡಿ. ನಾನು ಎಷ್ಟೇ ಗೊಣಗಲಿ, ಗೌತಮ್ ಯಾವ ವಿಡಿಯೋ ತೋರಿಸಲಿ, ಅಮ್ಮನ ಕೈ ಚಾಚಿದಲ್ಲಿಂದ ತಾವು ಕದಲಬೇಡಿ.

ತಮ್ಮ ಹೊಟ್ಟೆಗೂ ಗೋಡೆಗೂ ನಡುವೆ ಸಿಕ್ಕಿಕೊಂಡೇ ಮೈ ಒರೆಸಿಕೊಳ್ಳುವ ವಿಶ್ವಾಸಿ,
ಚಲುವನಾರಾಯಣ

ಮರೆತ ಮಾತು: ಆ ಹಿಡಿಕೆಯನ್ನು ಹಂಸ, ಅಂಟಿದ್ದ ಮೀನಿನ ಸಮೇತ, ಹಾಸನಕ್ಕೆ ತಲುಪಿಸಿದ್ದಾಳೆ. ಗೌತಮ್ ಬೇಸರ ಮಾಡಿಕೊಳ್ಳಲಿಲ್ಲ; ಗಮ್ಮು ಗಟ್ಟಿಯೇ ಇತ್ತು, ಗೋಡೆಯೇ ಬಿಟ್ಟುಕೊಟ್ಟಿದ್ದೆಂದು ಫೋನಿನಲ್ಲಿ ವಿವರಿಸಿದ. ಮುಂದಿನ ತಿಂಗಳು ನಮ್ಮ ಅಡುಗೆಮನೆಯನ್ನು ಹೊಸದು ಮಾಡಿಕೊಡುತ್ತಾನಂತೆ. ತಮ್ಮ ಬಳಗದ ಒರಳುಕಲ್ಲಿನವರು ಆ ಬಾಗಿಲಿನ ಅಳತೆಯನ್ನು ಈಗಲೇ ಒಮ್ಮೆ ನೋಡಿಟ್ಟುಕೊಂಡರೆ ಒಳ್ಳೆಯದು.