ಟುವಾಲಿನ ಕೆಳಗಿನ ಮತ ಎಣಿಕೆ

ಪುಸ್ತಕ ಓದಿದರೆ ಮನುಷ್ಯನ ಮನಸ್ಸು ದೊಡ್ಡದಾಗುತ್ತದೆ ಎಂದು ಭಾಷಣ ಮಾಡುವವರನ್ನೆಲ್ಲ ಒಂದು ಬಸ್ಸಿನಲ್ಲಿ ತುಂಬಿ, ಆಳಂದಕ್ಕೆ ಕರೆತಂದು, ನಮ್ಮ ಕಾಕಾನ ಎದುರಿಗೆ ಕೂಡಿಸಬೇಕು ಎಂಬುದು ನನ್ನ ಬಹುದಿನದ ಆಸೆ. ಆತನ ಮನೆಯಲ್ಲಿ ಪುಸ್ತಕವಿಲ್ಲದ ಜಾಗವಿಲ್ಲ. ಕಪಾಟಿನಲ್ಲಿ, ಕಿಟಕಿಯಲ್ಲಿ, ಜೋಳದ ಡಬ್ಬಿಯ ಮೇಲೆ, ಕೊನೆಗೆ ಹೊಲಿಗೆ ಮಷೀನಿನ ಮೇಲೂ. ಓದಿದ್ದೆಲ್ಲ ನೆನಪಿದೆ. ಅಷ್ಟೆಲ್ಲ ಓದಿಯೂ ಮನಸ್ಸನ್ನು ಒಂದು ಗೇಣೂ ಅಗಲವಾಗಲು ಬಿಡದ ಆತನ ಕಟ್ಟುನಿಟ್ಟನ್ನು ಕಂಡರೆ ಯಾರಿಗಾದರೂ ಗೌರವ ಬರಲೇಬೇಕು!

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಬದುಕಿನ ಬಹುಪಾಲು ತೊಗರಿಯ ಅಡತಿ ಅಂಗಡಿಯಲ್ಲಿ, ಅಂದರೆ ದಲ್ಲಾಳಿ ಮಂಡಿಯಲ್ಲಿ, ಕಳೆದವನು. ರೈತರ ತೊಗರಿ ಚೀಲಕ್ಕೆ ಕೊಳವೆ ಚುಚ್ಚಿ, ನಾಲ್ಕು ಕಾಳು ಅಂಗೈಗೆ ಸುರಿದುಕೊಂಡು, ಒಂದನ್ನು ಕಚ್ಚಿ ನೋಡಿ ಇಡೀ ಚೀಲದ ಜಾತಕ ಹೇಳುತ್ತಿದ್ದ. ಅಂಗಡಿ ಬಿಟ್ಟ ಮೇಲೆ ಸಾಹಿತ್ಯವನ್ನೂ ಆತ ಹಾಗೇ ನೋಡತೊಡಗಿದ. ಹೊಸ ಪುಸ್ತಕ ಕೈಗೆ ಬಂದರೆ ಮುನ್ನುಡಿ ಓದುವುದಿಲ್ಲ, ಬೆನ್ನುಡಿ ನೋಡುವುದಿಲ್ಲ. ಸೀದಾ ನಡುವೆ ಬೆರಳು ತೂರಿಸಿ, ಎರಡು ಸಾಲು ಓದಿ, ನಾಲಿಗೆ ಚಪ್ಪರಿಸಿ ತೀರ್ಪು ಕೊಡುತ್ತಾನೆ.

"ಹಸಿ ಅದ ಮಾಲ. ಇನ್ನೂ ಬಿಸಲಿಗೆ ಹಾಕಬೇಕಾಗಿತ್ತು."

ಇನ್ನೊಂದಕ್ಕೆ, "ಮ್ಯಾಲಿಂದ ಮ್ಯಾಲ ಚಂದ ಅದ, ಒಳಗ ಹುಳ ಹತ್ತ್ಯಾವ."

ಮೊದಮೊದಲು ನಾನು ನಕ್ಕಿದ್ದೆ. ಆಮೇಲೆ ಕಲಬುರಗಿಯ ಕಾಲೇಜಿನಲ್ಲಿ ವಿಮರ್ಶೆಯ ಪಾಠ ಕೇಳಿದೆ. ಅಲ್ಲಿ ಹೇಳುತ್ತಿದ್ದುದೂ ಹೆಚ್ಚುಕಡಿಮೆ ಇದನ್ನೇ, ಆದರೆ ಕಚ್ಚಿ ನೋಡುವ ಪ್ರಾಮಾಣಿಕತೆ ಇರಲಿಲ್ಲ.

ಇಂಥ ಕಾಕಾ ಒಂದು ಓದು ಬಳಗ ಕಟ್ಟಿ, ತಾನೇ ಅದರ ಸಂಚಾಲಕನಾದ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕಿನವರು ಅದರಲ್ಲಿದ್ದೇವೆ. ತಿಂಗಳಿಗೊಂದು ವಿಷಯ, ಆ ವಿಷಯದ ಮೇಲೊಂದು ಪುಸ್ತಕ, ಎಲ್ಲರೂ ಅದನ್ನೇ ಓದಿ ಬಂದು ಜಗಳಾಡುವುದು. ನಿಯಮಗಳನ್ನೆಲ್ಲ ಕಾಕಾನೇ ಬರೆದ. ಮೊದಲನೆಯದು, ಜಾತಿ ಮತ ನೋಡದೆ ಯಾರನ್ನಾದರೂ ಸೇರಿಸಿಕೊಳ್ಳಬೇಕು. ಇದನ್ನು ಓದುವಾಗ ಆತನ ಧ್ವನಿ ತುಸು ಗದ್ಗದವಾಗುತ್ತದೆ. ಶರಣರ ವಚನಗಳು ಬಾಯಿಪಾಠವಿರುವ ಮನೆತನ ನಮ್ಮದು, ಗದ್ಗದ ಸುಲಭವಾಗಿ ಬರುತ್ತದೆ. ಎರಡನೆಯದು, ಯಾರು ಸೂಚಿಸಿದ ವಿಷಯ ಗೆಲ್ಲುತ್ತದೆಯೋ ಅವರೇ ಪುಸ್ತಕದ ಹೆಸರನ್ನೂ ಹೇಳಬೇಕು, ಮುಂದಿನ ಸಭೆ ಅವರ ಮನೆಯಲ್ಲೇ ನಡೆಯಬೇಕು, ಸಂಚಾಲಕರು ಅಲ್ಲಿಗೆ ಹೋಗಲೇಬೇಕು.

ಈ ಎರಡನೆಯ ನಿಯಮವೇ ಕಾಕಾನ ಕೊರಳಿಗೆ ಬಿತ್ತು.

ಆತನಿಗೊಬ್ಬಳು ಮಗಳಿದ್ದಾಳೆ, ನನ್ನ ಅಕ್ಕ. ಬೇರೆ ಜಾತಿಯ ಹುಡುಗನನ್ನು ಮದುವೆಯಾಗಿ ಅಫಜಲಪುರದಲ್ಲಿ ಸಂಸಾರ ಮಾಡಿಕೊಂಡಿದ್ದಾಳೆ. ಆ ದಿನ ಮೊದಲ ನಿಯಮವೂ ವಚನಗಳೂ ಗದ್ಗದವೂ ಎಲ್ಲಿಗೆ ಹೋಗಿದ್ದವೋ! "ನನ್ನ ಹೊಸ್ತಿಲಾ ನೀ ದಾಟಬ್ಯಾಡ, ನಿನ್ನ ಹೊಸ್ತಿಲಾ ನಾ ತುಳಿಯಂಗಿಲ್ಲ" ಎಂದುಬಿಟ್ಟ. ಅವಳೂ ಅವನ ಮಗಳೇ ತಾನೆ? "ಆಗಲಿ" ಎಂದು ಹೋದಳು. ಹೋದವಳು ಸುಮ್ಮನೆ ಕೂತಳೇ? ಬಳಗದ ಸದಸ್ಯಳಾದಳು. ಬೇಡವೆನ್ನಲು ಸಂಚಾಲಕರಿಗೆ ನಿಯಮವೇ ಅಡ್ಡ ಬಂತು.

ಅಂದಿನಿಂದ ಅಪ್ಪ ಮಗಳ ನಡುವೆ ಮಾತು ಎಂಬುದಿದ್ದರೆ ಅದು ವಾಟ್ಸಾಪ್ ಗುಂಪಿನಲ್ಲಿ, ವಿಷಯ ಸೂಚಿಸುವ ನೆಪದಲ್ಲಿ. ಅವಳು ಬರೆಯುತ್ತಾಳೆ: "ಮಾನ್ಯ ಸಂಚಾಲಕರ ಗಮನಕ್ಕೆ, ನನ್ನ ವಿಷಯ: ಅಪ್ಪಂದಿರ ಅಹಂಕಾರ." ಅರ್ಧ ತಾಸಿನಲ್ಲಿ ಉತ್ತರ: "ಅಫಜಲಪುರದ ಸದಸ್ಯೆಯವರ ಸೂಚನೆ ಬಂದಿದೆ. ನನ್ನ ವಿಷಯ: ಎಮ್ಮೆ." ನೀವೇ ಹೇಳಿ, ಎಮ್ಮೆಯನ್ನು ಸೋಲಿಸುವ ವಿಷಯ ಯಾವುದಿದೆ? ಎಮ್ಮೆ ಗೆದ್ದಿತು. ಇಡೀ ತಿಂಗಳು ಮೂರು ತಾಲ್ಲೂಕಿನ ಓದುಗರು ಎಮ್ಮೆಯ ಮೇಲೊಂದು ಪುಸ್ತಕಕ್ಕಾಗಿ ಅಲೆದೆವು. ಕೊನೆಗೆ ಸಿಕ್ಕಿದ್ದು ಹೈನುಗಾರಿಕೆಯ ಕೈಪಿಡಿ. ನರೋಣಾದ ಮಾಸ್ತರರು ಅದರ ಕಾಲುಬೇನೆಯ ಅಧ್ಯಾಯವನ್ನು ಎಷ್ಟು ಭಾವಪೂರ್ಣವಾಗಿ ಓದಿದರೆಂದರೆ ಇಬ್ಬರು ಕಣ್ಣೊರೆಸಿಕೊಂಡರು!

ಮರು ತಿಂಗಳು ಅಕ್ಕ "ತವರು" ಎಂದಳು, ಕಾಕಾ "ಮೀಸಿ" ಎಂದ. ಮೀಸೆ ಗೆದ್ದಿತು. "ಕ್ಷಮೆ" ಎಂದಳು, "ಹಗ್ಗ" ಎಂದ. ಹಗ್ಗವೂ ಗೆದ್ದಿತು.

ಪ್ರತಿ ಸಲ ಗೆಲ್ಲುವುದು ಹೇಗೆ? ಇಲ್ಲೇ ನನ್ನ ತಕರಾರು. ನಮ್ಮ ಬಳಗದಲ್ಲಿ ಮತ ಹಾಕುವುದು ತೊಗರಿ ಕಾಳಿನಿಂದ. ಒಂದೊಂದು ವಿಷಯಕ್ಕೆ ಒಂದೊಂದು ಹಿತ್ತಾಳೆ ಬಟ್ಟಲು, ಒಬ್ಬೊಬ್ಬರಿಗೆ ಒಂದೊಂದು ಕಾಳು. ಎಣಿಸುವುದು ಮಾತ್ರ ಕಾಕಾನ ಹೆಗಲ ಮೇಲಿನ ಟುವಾಲಿನ ಕೆಳಗೆ! ಹಿಂದೆ ಅಡತಿಯಲ್ಲಿ ದರ ಕುದುರಿಸುತ್ತಿದ್ದುದು ಹಾಗೆ. ಕೊಳ್ಳುವವನೂ ಮಾರುವವನೂ ಟುವಾಲಿನ ಕೆಳಗೆ ಕೈ ಇಟ್ಟು, ಒಬ್ಬರ ಬೆರಳನ್ನೊಬ್ಬರು ಹಿಚುಕಿ, ಸುತ್ತ ನಿಂತವರಿಗೆ ಗೊತ್ತಾಗದಂತೆ ಸೌದಾ ಮುಗಿಸುತ್ತಿದ್ದರು. ಈಗ ದರಗಳೆಲ್ಲ ಮೊಬೈಲಿಗೇ ಬರುತ್ತವೆ. ಅಡತಿ ಬಿಟ್ಟ ಟುವಾಲು ನಮ್ಮ ಪ್ರಜಾಪ್ರಭುತ್ವದ ಮೇಲೆ ಬಂದು ಬಿದ್ದಿದೆ.

ನಾನು ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳು. ಎದ್ದು ನಿಂತೆ. "ಅಧ್ಯಕ್ಷರೇ, ಗುಪ್ತವಾಗಿರಬೇಕಾದ್ದು ಮತದಾನ, ಎಣಿಕೆಯಲ್ಲ. ಅಫಜಲಪುರದ ವಿಷಯ ಇಲ್ಲದಾಗ ಗೆಲುವು ಎಲ್ಲ ಊರು ಸುತ್ತುತ್ತದೆ. ಅಫಜಲಪುರದ ವಿಷಯ ಬಂದ ಕೂಡಲೇ ಗೆಲುವಿಗೆ ಆಳಂದದ ಇದೇ ಮನೆ ನೆನಪಾಗುತ್ತದೆ. ಇದನ್ನು ಆಕಸ್ಮಿಕ ಎನ್ನಬೇಕೆ?"

"ಕೂಡು ಬೇ ವಕೀಲಮ್ಮ, ಭಜಿ ಆರಿ ಹೋಗಾಕತ್ತಾವ" ಎಂದ ಕಾಕಾ.

ಸಭೆ ಭಜಿಯ ಪರವಾಗಿ ತಿರುಗಿತು. ಕಾಕು ಕರಿದ ಮಿರ್ಚಿ ಭಜಿಯ ಎದುರು ಪಾರದರ್ಶಕತೆ ಎಂಬ ತತ್ತ್ವ ನಿಲ್ಲುವುದು ಕಷ್ಟ. ಕಾಕಾ ಕೈಚಳಕ ಮಾಡುತ್ತಾನೆಂದು ಎಲ್ಲರಿಗೂ ಗೊತ್ತಿತ್ತು. ಕೇಳಿದರೆ ಅಫಜಲಪುರದ ಬಸ್ಸು ಹತ್ತಬೇಕಾಗುತ್ತದೆ, ಕೇಳದಿದ್ದರೆ ಇಲ್ಲೇ ಭಜಿ. ಅನ್ಯಾಯಗಳು ಹೆಚ್ಚಾಗಿ ಹೀಗೇ ಉಳಿದುಕೊಳ್ಳುತ್ತವೆ. ಯಾರೂ ಕೆಟ್ಟವರಲ್ಲ, ತಟ್ಟೆ ಬಿಸಿ ಇರುತ್ತದೆ, ಅಷ್ಟೆ.

ಕಾಕು ಎಂದರೆ ಕಾಕಾನ ಹೆಂಡತಿ. ಅವಳಿಗೆ ಹೊಸ್ತಿಲಿನ ಶಪಥ ಅನ್ವಯಿಸುವುದಿಲ್ಲ. ಅವಳು ಗಾಣಗಾಪುರದ ದೇವರಿಗೆ ಹೋಗುತ್ತಾಳೆ. ಗಾಣಗಾಪುರ ಅಫಜಲಪುರದ ಹಾದಿಯಲ್ಲೇ ಇರುವುದು ಆ ದೇವರ ದಯೆ. ಒಮ್ಮೆ ಅವಳು ಹೊರಟಾಗ ಕಾಕಾ ಚೀಲದೊಳಗೆ ಇಣುಕಿ ಚಟ್ನಿಪುಡಿಯ ಡಬ್ಬಿ ಕಂಡ.

"ದೇವರಿಗೆ ಇಷ್ಟ್ಯಾಕ ಶೇಂಗಾ ಹಿಂಡಿ?"

"ಪಸಂದ ಅದಂತ."

"ದೇವರಿಗಿ?"

"ಹೂಂ. ಸಣ್ಣಾಂವಿದ್ದಾಗಿಂದ."

ಕಾಕಾ ಒಳಗೆ ಹೋಗಿ ಜೋಳದ ಕಟಕ ರೊಟ್ಟಿಯ ಒಂದು ಕಟ್ಟು ತಂದು ಚೀಲಕ್ಕೆ ತುರುಕಿದ. "ಬರೇ ಹಿಂಡಿ ಹ್ಯಾಂಗ ತಿಂತದ ನಿನ್ನ ದೇವರು?" ಎಂದ. ನೀವು ಕರಗಿದಿರಾ? ನಾನು ಕರಗಲಿಲ್ಲ. ರೊಟ್ಟಿ ಕಳಿಸಲು ಬರುವವನಿಗೆ ಬಸ್ಸು ಹತ್ತಲು ಏನು ಧಾಡಿ?

ಅಪ್ಪ ಮಗಳು ಎದುರೆದುರು ಕೂತದ್ದು ಒಂದೇ ಸಲ, ನೆಲೋಗಿಯಲ್ಲಿ. ಆ ತಿಂಗಳು ಅಕ್ಕ ಯಾವ ವಿಷಯವನ್ನೂ ಸೂಚಿಸಿರಲಿಲ್ಲವಾದ್ದರಿಂದ ನೆಲೋಗಿಯಲ್ಲಿ ಎಲ್ಲರೂ ನರ್ಸ್ ಬಾಯಿ ಎಂದು ಕರೆಯುವ ಹೆಣ್ಣುಮಗಳ ವಿಷಯ ಗೆದ್ದಿತ್ತು. ಅವರು ಹೇಳಿದ ಕಾದಂಬರಿಯಲ್ಲೋ, ದುರ್ದೈವಕ್ಕೆ, ಮನೆಗೆ ಮರಳಿ ಬಂದ ಮಗಳಿಗೆ ಬಾಗಿಲು ತೆರೆಯದ ಅಪ್ಪನೊಬ್ಬ ಇದ್ದ.

ಅಕ್ಕ ನರ್ಸ್ ಬಾಯಿಯ ಕಡೆ ನೋಡುತ್ತ ಹೇಳಿದಳು, "ಆ ಅಪ್ಪ ಬಾಗಲಾ ತೆಗಿಬೇಕಾಗಿತ್ತರಿ."

ಕಾಕಾ ಗೋಡೆಯ ಗಡಿಯಾರದ ಕಡೆ ನೋಡುತ್ತ ಹೇಳಿದ, "ಮಗಳು ಬಡಿಬೇಕಾಗಿತ್ತಲ್ಲ? ಆಕಿ ಹೊರಗ ನಿಂತು ವಾಪಸ್ ಹೋದ್ಲು ಅಂತದ ಪುಸ್ತಕದಾಗ. ಬಡದಳಂತ ಎಲ್ಲದ?"

"ನಾಯಿ ಬೊಗಳಿದ್ದು ಕೇಳಲಿಲ್ಲೇನರಿ ಆ ಅಪ್ಪಗ? ಕೇಳ್ಯದ. ಲೈಟ್ ಆರಿಸ್ಯಾನ. ಬರೋಬ್ಬರಿ ಓದರಿ."

"ಲೈಟ್ ಆರಿಸಿದ್ದು... ಅಂವ ಅಳಾಕತ್ತಿದ್ದು ಕಾಣಬಾರದಂತ ಇರಬೇಕು."

"ಹಂಗಂತ ಎಲ್ಲದ ಪುಸ್ತಕದಾಗ?"

"ಎಲ್ಲಾ ಬರೀತಾರೇನು ಪುಸ್ತಕದಾಗ?"

ಆಗ ನರೋಣಾದ ಮಾಸ್ತರರು ಚಹಾದ ಬಟ್ಟಲು ಕೆಳಗಿಟ್ಟು ಭಾವುಕರಾಗಿ ಅಂದರು, "ನೋಡ್ರಿ, ಪಾತ್ರದಾಗ ಮುಳುಗೂದಂದ್ರ ಹಿಂಗ! ಇಬ್ಬರೂ ಖರೆ ಓದುಗರು."

ಮಾಸ್ತರರು ಹೊರಗಿನವರು, ಇವರಿಬ್ಬರು ಅಪ್ಪ ಮಗಳೆಂದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ನಾನು ಆ ದಿನ ಬಸ್ಸಿನಲ್ಲಿ ಕಾಕಾನನ್ನು ಬಿಡಲಿಲ್ಲ. "ನೀ ಬಾಗಲಾ ತೆಗಿಯೂದು ಬ್ಯಾಡ ಕಾಕಾ, ಅಕ್ಕ ಬಡಿಯೂದೂ ಬ್ಯಾಡ. ನಿಮ್ಮಿಬ್ಬರ ಸಲುವಾಗಿ ನಾವೆಲ್ಲ ಎಷ್ಟು ಪುಸ್ತಕ ಓದಬೇಕು ಹೇಳು?"

"ಓದಿದ್ರ ಛೊಲೋನ ಆಗ್ತದ" ಎಂದು ಕಿಟಕಿಗೆ ಮುಖ ತಿರುಗಿಸಿದ.

ಕಳೆದ ತಿಂಗಳ ಕೊನೆಗೆ ಅಕ್ಕನ ಸಂದೇಶ ಬಂತು. "ಮಾನ್ಯ ಸಂಚಾಲಕರಿಗೆ, ನನ್ನ ವಿಷಯ: ತೊಗರಿ. ಇದೇ ಕೊನೆಯ ಸೂಚನೆ. ಈ ಸಲವೂ ಸೋತರೆ ಬಳಗ ಬಿಡುತ್ತೇನೆ. ಮತ್ತೆ ಬರೆಯುವುದಿಲ್ಲ."

ಗುಂಪಿನಲ್ಲಿ ಎಲ್ಲರೂ ಕೈಮುಗಿಯುವ ಚಿತ್ರಗಳನ್ನು ಹಾಕಿದರು. ನಮ್ಮ ಜನಕ್ಕೆ ಆಪತ್ತಿನಲ್ಲಿ ಗೊತ್ತಿರುವುದು ಅದೊಂದೇ. ಅವಳು ಇಷ್ಟು ದಿನ ಅಹಂಕಾರ, ಕ್ಷಮೆ ಎಂದು ದೊಡ್ಡ ದೊಡ್ಡ ಮಾತಿನಿಂದ ಹೊಡೆದು ಸೋತಿದ್ದಳು. ಈಗ ಅಪ್ಪ ಮಣ ಮಣ ಎತ್ತಿ ಇಳಿಸಿದ್ದ, ಅವನ ಅಂಗಿಯಿಂದ ಇನ್ನೂ ಹೋಗದ ವಾಸನೆಯ ಕಾಳನ್ನೇ ತಂದು ಎದುರಿಗಿಟ್ಟಿದ್ದಳು. ಇದಕ್ಕೆ ಎಮ್ಮೆ, ಮೀಸೆ, ಹಗ್ಗ ಯಾವುದೂ ಸಾಲದು. ಕಾಕಾನ ಉತ್ತರ ಆ ದಿನ ಬರಲಿಲ್ಲ, ಮರುದಿನವೂ ಬರಲಿಲ್ಲ. ಆಮೇಲೆ ಬಂತು: "ನನ್ನ ವಿಷಯ: ಮೌನ."

ನಾನು ಫೋನು ಎಸೆಯುವುದೊಂದು ಬಾಕಿ.

ಸಭೆ ಆಳಂದದಲ್ಲಿ, ಕಾಕಾನ ಪಡಸಾಲೆಯಲ್ಲಿ. ಅಕ್ಕ ಬಂದಿರಲಿಲ್ಲ, ಬರುವಂತಿರಲಿಲ್ಲ. ನಾನು ತಯಾರಾಗಿಯೇ ಹೋಗಿದ್ದೆ. ತೊಗರಿಯ ಪರವಾಗಿ ನಾನು ಮಾಡಿದ ವಾದ ನನ್ನ ಜೀವನದಲ್ಲೇ ಶ್ರೇಷ್ಠವಾದದ್ದು. ಈ ಮಣ್ಣು, ಈ ಬೆಳೆ, ಈ ಅನ್ನ ಎಂದೆಲ್ಲ ಹೇಳಿ ಮುಗಿಸಿದಾಗ ಚಪ್ಪಾಳೆ ಬಿತ್ತು. ಚಪ್ಪಾಳೆ ತಟ್ಟಿದ ಕೈಗಳೇ ಎದ್ದು ಹೋಗಿ ಮೌನದ ಬಟ್ಟಲಿಗೆ ಕಾಳು ಹಾಕಿದ್ದನ್ನು ನಾನು ಓರೆಗಣ್ಣಿನಲ್ಲಿ ನೋಡಿದೆ. "ಬಿಸಲು ಭಾಳ ಅದರಿ, ಅಷ್ಟು ದೂರ ಯಾರ ಹೋಗ್ತಾರ" ಎಂದು ನರ್ಸ್ ಬಾಯಿ ಪಕ್ಕದವರಿಗೆ ಅಂದದ್ದೂ ಕೇಳಿಸಿತು. ವಾದದಿಂದ ಜನ ಬದಲಾಗುತ್ತಾರೆ ಎಂದು ನಂಬಿ ಚರ್ಚಾಸ್ಪರ್ಧೆಯ ಕಪ್ಪುಗಳನ್ನು ಗೆದ್ದವಳು ನಾನು. ಮನೆಯಲ್ಲಿ ಆ ಕಪ್ಪುಗಳಲ್ಲಿ ಅಮ್ಮ ಈಗ ಪೆನ್ನು, ಬಾಚಣಿಕೆ ಇಡುತ್ತಾಳೆ.

"ಎಣಿಕೆಗೆ ಸಾಕ್ಷಿ ಬೇಕು" ಎಂದು ಕೊನೆಯ ಅಸ್ತ್ರ ಬಿಟ್ಟೆ.

ಆಶ್ಚರ್ಯವೆಂದರೆ ಕಾಕಾ ತಕರಾರು ಮಾಡಲಿಲ್ಲ. "ಬಾ ಬೇ, ಕೂಡು. ನೀನೂ ಕೈ ಹಾಕು" ಎಂದು ಟುವಾಲು ಎತ್ತಿದ.

ಕೂತೆ. ಟುವಾಲಿನ ಕೆಳಗೆ ಕೈ ಇಟ್ಟೆ. ಎರಡೂ ಬಟ್ಟಲಿಗೆ ಬೆರಳಾಡಿಸಿದರೆ ಎಣಿಸುವ ಅಗತ್ಯವೇ ಇರಲಿಲ್ಲ. ಮೌನದ ಬಟ್ಟಲಿನಲ್ಲಿ ಬೆರಳ ತುದಿಗೆ ಕಾಳೇ ಕಾಳು. ಅಕ್ಕನ ಬಟ್ಟಲಿನಲ್ಲಿ ತಳದ ಹಿತ್ತಾಳೆ ತಣ್ಣಗೆ ತಾಗುತ್ತಿತ್ತು. ಈ ಸಲ ಕೈಚಳಕವೇ ಬೇಕಾಗಿರಲಿಲ್ಲ. ಕಾಕಾ ನ್ಯಾಯವಾಗಿಯೇ ಗೆದ್ದಿದ್ದ!

ಆಗ ಆತನ ಕೈ ನನ್ನ ಬೆರಳುಗಳನ್ನು ಹಿಡಿಯಿತು. ಹಳೆಯ ಅಡತಿಯ ಹಾಗೆ ಒಂದು ಸಲ ಒತ್ತಿತು, ಏನೋ ದರ ಕೇಳುವ ಹಾಗೆ. ನನಗೆ ಆ ಬೆರಳಿನ ಭಾಷೆ ಬರುವುದಿಲ್ಲ. ಆದರೂ ನಾನೂ ತಿರುಗಿ ಒತ್ತಿದೆ. ಆ ಕೈ ಸರಿಯಿತು. ಮೌನದ ಬಟ್ಟಲಿನಿಂದ ಒಂದು ಚಿಟಿಕೆ ಎತ್ತಿತು, ಅಕ್ಕನ ಬಟ್ಟಲಿಗೆ ಸಪ್ಪಳಾಗದಂತೆ ಇಳಿಸಿತು. ಮತ್ತೊಂದು ಚಿಟಿಕೆ. ಒಂದೆರಡು ಕಾಳು ಹೊರಗೆ ಚೆಲ್ಲಿದವು. ಅವನ್ನು ನಾನು ಆರಿಸಿ ಒಳಗೆ ಹಾಕಿದೆ.

ಕಾಕಾ ಟುವಾಲು ತೆಗೆದು ಹೆಗಲಿಗೆ ಹಾಕಿಕೊಂಡ. "ತೊಗರಿ ಗೆದ್ದದರಿ. ಮುಂದಿನ ಸಭಾ ಅಫಜಲಪುರದಾಗ."

ಸಭೆಯಲ್ಲಿ ಗುಸುಗುಸು ಎದ್ದಿತು. ಪ್ರತಿಯೊಬ್ಬರಿಗೂ ತಾವು ಎಲ್ಲಿ ಕಾಳು ಹಾಕಿದೆವೆಂದು ಗೊತ್ತಲ್ಲ! ನರೋಣಾದ ಮಾಸ್ತರರು, "ಹ್ಯಾಂಗರಿ ಇದು, ನಾನಂತೂ..." ಎಂದು ಶುರು ಮಾಡಿದರು.

ಕಾಕಾ ನನ್ನ ಕಡೆ ತಿರುಗಿದ. "ಸಾಕ್ಷಿ ಇಲ್ಲೇ ಕುಂತಾಳ. ಏನ ಬೇ ವಕೀಲಮ್ಮ, ಎಣಿಕ್ಯಾಗ ತಕರಾರದ ಏನು?"

ಪಾರದರ್ಶಕತೆಯ ಬಗ್ಗೆ ಇಡೀ ಬಳಗದ ತಲೆ ತಿಂದವಳು ನಾನು. ಎದ್ದು ನಿಂತೆ.

"ಇಲ್ಲ ಕಾಕಾ. ಬರೋಬ್ಬರಿ ಅದ."

ಅಡುಗೆಮನೆಯ ಬಾಗಿಲಲ್ಲಿ ಭಜಿಯ ತಟ್ಟೆ ಹಿಡಿದು ನಿಂತಿದ್ದ ಕಾಕು ಅದನ್ನು ಯಾರಿಗೂ ಕೊಡದೆ ಒಳಗೆ ಹೋಗಿಬಿಟ್ಟಳು.

ಕಾಕಾ ಫೋನು ತೆಗೆದು ಒಂದೇ ಬೆರಳಿನಿಂದ ಬರೆಯತೊಡಗಿದ. ಪಕ್ಕದಲ್ಲೇ ಇದ್ದ ನನಗೆ ಕಾಣುತ್ತಿತ್ತು. "ಅಫಜಲಪುರದ ಸದಸ್ಯೆಯವರಿಗೆ" ಎಂದು ಬರೆದ. ಅಳಿಸಿದ. ಮತ್ತೆ ಬರೆದ. ಗುಂಪಿನಲ್ಲಿ ಎಲ್ಲರ ಫೋನೂ ಒಟ್ಟಿಗೆ ಗುಂಯ್ ಎಂದಿತು.

"ಯವ್ವಾ, ನಿನ್ನ ತೊಗರಿ ಗೆದ್ದದ. ನಾ ಬರ್ತೇನಿ. ಸಾರಿನ್ಯಾಗ ಉಪ್ಪ ಕಡಿಮಿ ಹಾಕು, ಡಾಕ್ಟರ್ ಬ್ಯಾಡಂದಾನ."